ಫ್ರೆಟ್‌ಬೋರ್ಡಿನ ಜಿಡ್ಡು: ಮೊದಲು ತೆಗೆಯಿರಿ, ಆಮೇಲೆ ಎಣ್ಣೆಯ ಮಾತು

ಹಳೆಯ ಗಿಟಾರಿನ ನೆಕ್ಕನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಬೆರಳೊತ್ತುವ ಮರದ ಪಟ್ಟಿಯೇ ಫ್ರೆಟ್‌ಬೋರ್ಡು, ಅದರ ಮೇಲೆ ಅಡ್ಡಡ್ಡ ಕೂರಿಸಿದ ಲೋಹದ ಗೆರೆಗಳೇ ಫ್ರೆಟ್ಟುಗಳು. ಒಂದರಿಂದ ಐದನೇ ಫ್ರೆಟ್‌ವರೆಗೆ, ಪ್ರತಿ ಫ್ರೆಟ್ಟಿನ ಬುಡದಲ್ಲೂ ಬೂದುಗಂದು ಬಣ್ಣದ ಹಕ್ಕಳೆ ಕಟ್ಟಿರುತ್ತದೆ. ಉಗುರಿನಿಂದ ಕೆರೆದರೆ ಸುರುಳಿಯಾಗಿ ಏಳುತ್ತದೆ. ಬೆವರಿನ ಉಪ್ಪು, ಚರ್ಮದ ಜಿಡ್ಡು, ಧೂಳು, ತಂತಿ ಸವೆದು ಉದುರಿದ ಲೋಹದ ಪುಡಿ ಎಲ್ಲ ಸೇರಿ ಆದದ್ದು ಅದು. ಇದನ್ನು ಕಂಡ ಕೂಡಲೇ ಹೆಚ್ಚಿನವರು ಲೆಮನ್ ಆಯಿಲ್ ತಂದು ಸುರಿಯುತ್ತಾರೆ. ಬೋರ್ಡು ಕಪ್ಪಗೆ ಮಿರುಗುತ್ತದೆ, ಶುಚಿಯಾಯಿತು ಅನಿಸುತ್ತದೆ. ನಿಜಕ್ಕೂ ಆದದ್ದು, ಜಿಡ್ಡಿನ ಮೇಲೆ ಇನ್ನೊಂದು ಪದರ ಜಿಡ್ಡು.

ಕೈ ಹಾಕುವ ಮೊದಲು ಬೋರ್ಡು ಯಾವ ಬಗೆಯದೆಂದು ತಿಳಿಯಬೇಕು. ಗಾಜಿನಂತೆ ನುಣುಪಾಗಿದ್ದು ಮರದ ರಂಧ್ರಗಳೇ ಕಾಣದಿದ್ದರೆ ಅದಕ್ಕೆ ಪಾಲಿಶ್ ಪದರ ಇದೆ ಎಂದರ್ಥ. ತಿಳಿ ಬಣ್ಣದ ಮೇಪಲ್ ಬೋರ್ಡುಗಳು ಬಹುತೇಕ ಹೀಗೇ. ಇವಕ್ಕೆ ಹಿಂಡಿದ ಒದ್ದೆ ಬಟ್ಟೆ, ಬೆನ್ನಿಗೇ ಒಣ ಬಟ್ಟೆ, ಅಷ್ಟೇ. ಸ್ಟೀಲ್ ವೂಲ್ (ಉಕ್ಕಿನ ಎಳೆಗಳ ಉಂಡೆ) ತಾಗಿಸಿದರೆ ಹೊಳಪು ಮಂಕಾಗುತ್ತದೆ, ಎಣ್ಣೆ ಒಳಗಿಳಿಯದೆ ಮೇಲೇ ಅಂಟಿಕೊಂಡಿರುತ್ತದೆ.

ಮರದ ಗೆರೆಗಳು, ಸಣ್ಣ ಸಣ್ಣ ತೂತುಗಳು ಬರಿಗಣ್ಣಿಗೆ ಕಾಣುವುದು ಪಾಲಿಶ್ ಹಚ್ಚದ ರೋಸ್‌ವುಡ್ಡಿನಲ್ಲಿ. ಇಂಡಿಯನ್ ರೋಸ್‌ವುಡ್ ಎಂದರೆ ನಮ್ಮ ಮಲೆನಾಡಿನ ಬೀಟೆಯೇ. 2017ರ ಜನವರಿಯಲ್ಲಿ ರೋಸ್‌ವುಡ್ ಜಾತಿಗಳ ಅಂತರರಾಷ್ಟ್ರೀಯ ಸಾಗಣೆಗೆ, ಅಳಿವಿನಂಚಿನ ಗಿಡ-ಪ್ರಾಣಿಗಳ ವ್ಯಾಪಾರ ನಿಯಂತ್ರಿಸುವ ಸೈಟ್ಸ್ ಒಪ್ಪಂದದ ನಿಯಮ ಬಿಗಿಯಾದಾಗ ಎಷ್ಟೋ ಕಂಪನಿಗಳು ಪೌ ಫೆರೊ, ಲಾರೆಲ್‌ನಂಥ ಮರಗಳತ್ತ ಹೊರಳಿದವು. 2019ರ ನವೆಂಬರಿನಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕರೂ ಬದಲಿ ಮರಗಳು ಮಾರುಕಟ್ಟೆಯಲ್ಲಿ ಉಳಿದುಕೊಂಡವು. ಶುಚಿ ಮಾಡುವ ಕ್ರಮ ಈ ಮರಗಳಿಗೆಲ್ಲ ಒಂದೇ. ಆದರೆ ಅಗ್ಗದ ಗಿಟಾರುಗಳಲ್ಲಿ ತಿಳಿ ಮರಕ್ಕೆ ಕಪ್ಪು ಬಣ್ಣ ಕೊಟ್ಟಿರುವುದುಂಟು. ಅದನ್ನು ಪತ್ತೆ ಹಚ್ಚಲು ಕೊನೆಯ ಫ್ರೆಟ್ಟಿನ ಆಚೆ, ಬೆರಳು ತಾಗದ ಜಾಗದಲ್ಲಿ, ಲೈಟರ್ ಫ್ಲೂಯಿಡ್ ತಾಗಿಸಿದ ಬಿಳಿ ಬಟ್ಟೆಯಿಂದ ಒರೆಸಿ. ಕೊಳೆಯೇ ಇಲ್ಲದ ಜಾಗದಲ್ಲೂ ಬಟ್ಟೆ ಕಪ್ಪಾದರೆ ಬರುತ್ತಿರುವುದು ಬಣ್ಣ. ಅಂಥ ಬೋರ್ಡಿಗೆ ಒದ್ದೆ ಬಟ್ಟೆಯಷ್ಟೇ ಸಾಕು.

ಬೇಕಾದ ಸಾಮಾನು: ಹಳೇ ಕಾಟನ್ ಬನಿಯನ್ನಿನ ತುಂಡುಗಳು, ಮೆದು ಟೂತ್‌ಬ್ರಷ್, ಅವಧಿ ಮುಗಿದ ಎಟಿಎಂ ಕಾರ್ಡ್, ಮಾಸ್ಕಿಂಗ್ ಟೇಪ್, 0000 ನಂಬರಿನ (ಅತಿ ನಯವಾದ) ಸ್ಟೀಲ್ ವೂಲ್, ಲೈಟರ್ ಫ್ಲೂಯಿಡ್. ಸ್ಟೀಲ್ ವೂಲ್ ನಾಲ್ಕು ಸೊನ್ನೆಯದೇ ಆಗಬೇಕು. ಪಾತ್ರೆ ತಿಕ್ಕುವ ಸ್ಕ್ರಬ್ಬರ್ ಮರವನ್ನು ಗೀರಿಹಾಕುತ್ತದೆ. ಲೈಟರ್ ಫ್ಲೂಯಿಡ್ ಎಂದರೆ ಬತ್ತಿಯ ಲೈಟರಿಗೆ ತುಂಬುವ ದ್ರವ ನಾಫ್ತಾ, ಗ್ಯಾಸ್ ಡಬ್ಬಿ ಅಲ್ಲ. ಸಿಗದಿದ್ದರೆ ಬೈಕಿನ ಪೆಟ್ರೋಲ್ ಹಾಕಲು ಹೋಗಬೇಡಿ. ಥಿನ್ನರ್ ಪಾಲಿಶನ್ನು ಕರಗಿಸುತ್ತದೆ, ನೇಲ್ ಪಾಲಿಶ್ ರಿಮೂವರಿನ ಅಸಿಟೋನ್ ಪ್ಲಾಸ್ಟಿಕ್ ಚುಕ್ಕಿಗಳನ್ನೂ ಅಂಚುಪಟ್ಟಿಯನ್ನೂ ತಿಂದುಹಾಕುತ್ತದೆ. ಸ್ಯಾನಿಟೈಸರ್ ಕೂಡ ಬೇಡ, ಅದರ ಆಲ್ಕೋಹಾಲಿಗೆ ಬೀಟೆಯ ಸ್ವಂತ ಬಣ್ಣವೇ ಬಿಟ್ಟುಕೊಳ್ಳುತ್ತದೆ.

ತಂತಿ ಹೇಗೂ ಬದಲಿಸುವ ದಿನವೇ ಈ ಕೆಲಸ ಇಟ್ಟುಕೊಳ್ಳಿ. ಅಕೌಸ್ಟಿಕ್ ಗಿಟಾರಿನ ಆರು ಸ್ಟೀಲ್ ತಂತಿಗಳು ನೆಕ್ಕನ್ನು ಸುಮಾರು 70 ಕೆಜಿ ಬಲದಲ್ಲಿ ಎಳೆದು ಹಿಡಿದಿರುತ್ತವೆ. ಬಿಗಿ ಇದ್ದಾಗಲೇ ಕತ್ತರಿಸಿದರೆ ತುದಿ ಚಿಮ್ಮಿ ಕಣ್ಣಿಗೆ ಬಡಿದೀತು. ಒಂದೊಂದನ್ನೂ ಪೂರ್ತಿ ಸಡಿಲಿಸಿ, ಆಮೇಲೆ ತೆಗೆಯಿರಿ. ಆರನ್ನೂ ಒಟ್ಟಿಗೆ ತೆಗೆದರೆ ನೆಕ್ ಸೊಟ್ಟಗಾಗುತ್ತದೆ ಎಂಬ ಹೆದರಿಕೆ ಸುಮ್ಮನೆ, ಒಂದೆರಡು ಗಂಟೆಯಲ್ಲಿ ಏನೂ ಆಗದು. ಬ್ರಿಡ್ಜ್, ಅಂದರೆ ತಂತಿಗಳನ್ನು ಆನಿಸುವ ಕಟ್ಟೆ, ಅಂಟಿಸದೆ ತಂತಿಯ ಒತ್ತಡದಲ್ಲೇ ನಿಲ್ಲುವ ಆರ್ಚ್‌ಟಾಪ್ ಗಿಟಾರು ಮಾತ್ರ ಬೇರೆ. ಅದರಲ್ಲಿ ಮೂರು ಮೂರಾಗಿ ಬಿಚ್ಚಿ, ಇಲ್ಲವಾದರೆ ಬ್ರಿಡ್ಜಿನ ಜಾಗ ಟೇಪಿನಿಂದ ಗುರುತು ಮಾಡಿಕೊಳ್ಳಿ. ನೆಕ್ಕಿನ ಕೆಳಗೆ ಮಡಚಿದ ಟವೆಲ್ ಇಡಿ. ಅಕೌಸ್ಟಿಕ್ ಆದರೆ ಸೌಂಡ್‌ಹೋಲಿಗೆ ದಪ್ಪ ಕಾಗದ ಮುಚ್ಚಿ, ಎಲೆಕ್ಟ್ರಿಕ್ ಆದರೆ ತಂತಿಯ ಕಂಪನ ಹಿಡಿಯುವ ಪಿಕಪ್‌ಗಳನ್ನು ಪೂರ್ತಿ ಟೇಪಿನಿಂದ ಮುಚ್ಚಿ. ಸ್ಟೀಲ್ ವೂಲಿನ ಎಳೆಗಳು ಪಿಕಪ್ಪಿನ ಅಯಸ್ಕಾಂತಕ್ಕೆ ಹಿಡಿದರೆ ಬಿಡಿಸುವುದು ದೊಡ್ಡ ತಲೆನೋವು.

ಈಗ ಕೊಳೆ. ಉಪ್ಪು ನೀರಿನಲ್ಲಿ ಕರಗುತ್ತದೆ, ನಾಫ್ತಾದಲ್ಲಿ ಕರಗುವುದಿಲ್ಲ. ಜಿಡ್ಡು ನಾಫ್ತಾದಲ್ಲಿ ಕರಗುತ್ತದೆ, ನೀರಿಗೆ ಜಗ್ಗುವುದಿಲ್ಲ. ಬರೀ ಒಂದರಿಂದಲೇ ಉಜ್ಜಿ ಸುಸ್ತಾಗುವವರಿಗೆ ಕೊಳೆ ಅರ್ಧಕ್ಕೇ ನಿಲ್ಲುವುದು ಇದೇ ಕಾರಣಕ್ಕೆ. ಮೊದಲು ಎಟಿಎಂ ಕಾರ್ಡಿನ ಮೂಲೆಯನ್ನು ಓರೆಯಾಗಿ ಕತ್ತರಿಸಿ, ಫ್ರೆಟ್ಟಿನ ಬುಡಕ್ಕೆ ಆನಿಸಿ, ಫ್ರೆಟ್ಟಿನ ಉದ್ದಕ್ಕೂ ಎಳೆಯಿರಿ. ದಪ್ಪ ಹಕ್ಕಳೆಯೆಲ್ಲ ಇಲ್ಲೇ ಏಳುತ್ತದೆ. ಬ್ರಷ್ಷಿನಿಂದ ಗುಡಿಸಿ. ಬಳಿಕ ಗಟ್ಟಿಯಾಗಿ ಹಿಂಡಿದ ಬಟ್ಟೆಯಿಂದ ಒಂದು ಸಲ ಒರೆಸಿ, ಆ ಕ್ಷಣವೇ ಒಣಗಿಸಿ. ನೀರು ನಿಂತರೆ ಫ್ರೆಟ್ ಕೂತಿರುವ ಸೀಳಿಗೆ ಇಳಿದು ಮರ ಉಬ್ಬುತ್ತದೆ. ಆಮೇಲೆ ಬಟ್ಟೆಗೆ ನಾಲ್ಕೈದು ಹನಿ ನಾಫ್ತಾ ಹಾಕಿ, ಎರಡು ಫ್ರೆಟ್ಟುಗಳ ಜಾಗವನ್ನಷ್ಟೇ ಒಂದು ಸಲಕ್ಕೆ ತಿಕ್ಕಿ, ಬಟ್ಟೆಯ ಮಗ್ಗುಲು ಬದಲಿಸುತ್ತ ಮುಂದೆ ಹೋಗಿ. ಕಿಟಕಿ ತೆರೆದಿರಲಿ. ಪಕ್ಕದಲ್ಲಿ ಊದುಬತ್ತಿ, ದೀಪ, ಗ್ಯಾಸ್ ಒಲೆ ಯಾವುದೂ ಉರಿಯುತ್ತಿರಬಾರದು. ಬಟ್ಟೆಯನ್ನು ಹೊರಗೆ ಹರವಿ ಒಣಗಿಸಿಯೇ ಕಸಕ್ಕೆ ಹಾಕಿ.

ಇಷ್ಟಾದ ಮೇಲೂ ಉಳಿದ ತೆಳು ಮಬ್ಬಿಗೆ ಸ್ಟೀಲ್ ವೂಲ್. ಮರದ ಗೆರೆಯ ಜೊತೆಗೆ, ಅಂದರೆ ನೆಕ್ಕಿನ ಉದ್ದಕ್ಕೆ, ಹಗುರವಾಗಿ ಐದಾರು ಎಳೆತ. ಅಡ್ಡಡ್ಡ ತಿಕ್ಕಿದರೆ ಗೀರುಗಳು ಬೆಳಕಿಗೆ ಎದ್ದು ಕಾಣುತ್ತವೆ. ಇದೇ ಎಳೆತದಲ್ಲಿ ಫ್ರೆಟ್ಟುಗಳೂ ಬೆಳಗುತ್ತವೆ. ನಿಕ್ಕಲ್ ಸಿಲ್ವರ್ ಎನ್ನುವ ಫ್ರೆಟ್ ಲೋಹದಲ್ಲಿ ಹೆಚ್ಚಿನ ಪಾಲು ತಾಮ್ರವೇ ಆದ್ದರಿಂದ ಬೆವರಿಗೆ ಹಸಿರು ಕಿಲುಬು ಹಿಡಿಯುತ್ತದೆ. ಅದಕ್ಕೆ ಲೋಹ ಬೆಳಗುವ ಬ್ರಾಸೊ ಹಚ್ಚುವುದಾದರೆ ಎರಡೂ ಬದಿಯ ಮರಕ್ಕೆ ಟೇಪ್ ಹಾಕಲೇಬೇಕು, ಇಲ್ಲದಿದ್ದರೆ ಮರದ ರಂಧ್ರಗಳಲ್ಲಿ ಬಿಳಿ ಪುಡಿ ಕೂತುಬಿಡುತ್ತದೆ.

ಎಣ್ಣೆ ಕೊನೆಗೆ, ಅದೂ ಮರ ಬಿಳಿಚಿಕೊಂಡಿದ್ದರೆ ಮಾತ್ರ. ಗಿಟಾರಿಗೆಂದು ಮಾರುವ ಲೆಮನ್ ಆಯಿಲ್ ಬಹುಪಾಲು ಸುವಾಸನೆ ಬೆರೆಸಿದ ಮಿನರಲ್ ಆಯಿಲ್ಲೇ. ಔಷಧಿ ಅಂಗಡಿಯಲ್ಲಿ ಸಿಗುವ, ಬೇರೇನೂ ಬೆರೆಸದ ಲಿಕ್ವಿಡ್ ಪ್ಯಾರಾಫಿನ್ ಅದೇ ಕೆಲಸ ಮಾಡುತ್ತದೆ. ಇಡೀ ಬೋರ್ಡಿಗೆ ಎಂಟು ಹತ್ತು ಹನಿ, ಬಟ್ಟೆಯ ಮೇಲೆ ಹಾಕಿಕೊಂಡು ಸವರಿ. ಹತ್ತು ನಿಮಿಷ ಬಿಟ್ಟು, ಬಟ್ಟೆಗೆ ಇನ್ನು ಏನೂ ಹತ್ತದು ಅನ್ನುವವರೆಗೆ ಒರೆಸಿ ತೆಗೆಯಿರಿ. ಕೊಬ್ಬರಿ ಎಣ್ಣೆ, ಎಳ್ಳೆಣ್ಣೆ ಮರದೊಳಗೆ ಕಮಟಿ ಅಂಟಂಟಾಗುತ್ತವೆ. ನಿಂಬೆ ರಸ ಹಿಂಡುವವರೂ ಇದ್ದಾರೆ. ಅದು ಹುಳಿ, ಫ್ರೆಟ್ಟನ್ನೇ ತಿನ್ನುತ್ತದೆ. ಮಿನರಲ್ ಆಯಿಲನ್ನೂ ತಿಂಗಳು ತಿಂಗಳು ಹಚ್ಚುತ್ತಿದ್ದರೆ ಫ್ರೆಟ್ ಸೀಳಿಗೆ ಇಳಿದು ಹಿಡಿತ ಸಡಿಲವಾಗುತ್ತದೆ, ಹೊಸ ತಂತಿ ವಾರದಲ್ಲೇ ಮಂಕಾಗುತ್ತದೆ. ವರ್ಷಕ್ಕೊಮ್ಮೆ ಸಾಕು. ಮಂಗಳೂರಿನ ಮಳೆಗಾಲದ ತೇವದಲ್ಲಿ ಅದೂ ಬೇಕಾಗದು. ಕಲಬುರಗಿಯ ಬೇಸಿಗೆಯಲ್ಲಿ ಫ್ರೆಟ್ಟಿನ ತುದಿ ಅಂಗೈಗೆ ಚುಚ್ಚುತ್ತಿದ್ದರೆ ಅದು ಮರ ನೀರಿನಂಶ ಕಳೆದುಕೊಂಡು ಕುಗ್ಗಿದ ಲಕ್ಷಣ. ಅದನ್ನು ಎಣ್ಣೆ ತುಂಬಿಕೊಡುವುದಿಲ್ಲ, ಕೇಸಿನೊಳಗೆ ಹ್ಯುಮಿಡಿಫೈಯರ್ ಇಟ್ಟು ತೇವಾಂಶವನ್ನು ಶೇ. 45ರಿಂದ 55ರ ನಡುವೆ ಕಾಯ್ದುಕೊಳ್ಳಬೇಕು.

ಮನೆಯಲ್ಲಿ ಸರಸ್ವತಿ ವೀಣೆಯೂ ಇದ್ದು, ಇದೇ ಉತ್ಸಾಹದಲ್ಲಿ ಅದನ್ನೂ ಎತ್ತಿಕೊಳ್ಳುವ ಯೋಚನೆ ಇದ್ದರೆ ಬೇಡ. ಅದರ ಮೆಟ್ಟಿಲುಗಳು, ಅಂದರೆ ಫ್ರೆಟ್ಟುಗಳು, ಕೂತಿರುವುದು ಮೇಣದ ಮೇಲೆ. ನಾಫ್ತಾ ಅದನ್ನು ಕರಗಿಸುತ್ತದೆ, ಎಣ್ಣೆ ಮೆತ್ತಗಾಗಿಸುತ್ತದೆ. ಅದಕ್ಕೆ ಒಣ ಬ್ರಷ್, ಒಣ ಬಟ್ಟೆ ಮಾತ್ರ.