ಬೆಳಿಗ್ಗೆ ಬಂದು ಸಂಜೆ ಹೋಗುವವರ ಊರು

ಕ್ರೊಯೇಷಿಯಾ ದೇಶದ ಕಡಲ ತೀರದ ಊರು ದುಬ್ರೊವ್ನಿಕ್. ಅದರ ಹಳೇ ಪಟ್ಟಣಕ್ಕೆ ಪಶ್ಚಿಮ ದಿಕ್ಕಿನಿಂದ ಹೋಗುವ ಬಾಗಿಲಿಗೆ ಪಿಲೆ ಅಂತ ಹೆಸರು. ಆ ಬಾಗಿಲ ಮುಂದಿನ ಸೇತುವೆಯಲ್ಲಿ ಒಂದು ತುಂಡು ಮರದ್ದು. ಹಿಂದೆ ದಿನಾ ರಾತ್ರಿ ಅದನ್ನು ಸರಪಳಿ ಕಟ್ಟಿ ಮೇಲಕ್ಕೆ ಎಳೆದು, ಬಾಗಿಲು ಹಾಕಿ, ಬೀಗದ ಕೈಯನ್ನು ಊರಿನ ಮುಖ್ಯಸ್ಥನಿಗೆ ಒಪ್ಪಿಸುತ್ತಿದ್ದರು. ಆ ಮುಖ್ಯಸ್ಥನ ಅಧಿಕಾರವೂ ಒಂದೇ ತಿಂಗಳು. ಊರಿನವರು ಯಾರನ್ನೂ ಅಷ್ಟು ಸುಲಭವಾಗಿ ನಂಬುತ್ತಿರಲಿಲ್ಲ ಅನ್ನಿ. ಈಗ ಬಾಗಿಲು ಹಾಕುವುದಿಲ್ಲ. ಬದಲಿಗೆ ಕ್ಯಾಮೆರಾಗಳಿವೆ. ಎಷ್ಟು ಜನ ಒಳಗೆ ಹೋದರು, ಎಷ್ಟು ಜನ ಹೊರಗೆ ಬಂದರು ಅಂತ ಅವು ಎಣಿಸುತ್ತಾ ಕೂತಿವೆ.

ಎಣಿಸುವ ಗತಿ ಯಾಕೆ ಬಂತು ಅಂತ ತಿಳಿಯಬೇಕಾದರೆ ಕ್ರೂಸ್, ಅಂದರೆ ವಿಹಾರಕ್ಕೆಂದೇ ಓಡುವ ಹಡಗಿನ, ಪ್ರಯಾಣಿಕನ ಒಂದು ದಿನ ನೋಡಬೇಕು. ಈ ಹಡಗುಗಳು ರಾತ್ರಿ ಓಡುತ್ತವೆ, ಹಗಲು ನಿಲ್ಲುತ್ತವೆ. ಮಲಗಿದಾಗ ಒಂದು ಊರು, ಎದ್ದಾಗ ಇನ್ನೊಂದು. ದುಬ್ರೊವ್ನಿಕ್‌ನಲ್ಲಿ ಅವು ಗ್ರೂಜ್ ಬಂದರಿಗೆ ಬರುತ್ತವೆ. ಅಲ್ಲಿಂದ ಹಳೇ ಪಟ್ಟಣ ಸುಮಾರು ಮೂರು ಕಿಲೋಮೀಟರ್. ತಿಂಡಿ ಮುಗಿಸಿದವರೆಲ್ಲ ಹೆಚ್ಚುಕಮ್ಮಿ ಒಂದೇ ಹೊತ್ತಿಗೆ ಬಸ್ಸು ಹತ್ತಿ ಪಿಲೆ ಹತ್ತಿರ ಇಳಿಯುತ್ತಾರೆ. ಒಳಗೆ ಸ್ಟ್ರಾದುನ್ ಅನ್ನುವ ಮುಖ್ಯ ಬೀದಿ. ಅದರ ಉದ್ದ ಮುನ್ನೂರು ಮೀಟರ್ ಅಷ್ಟೇ. ಬೀದಿಯ ಸುಣ್ಣಕಲ್ಲು ಕಾಲು ತಾಗಿ ತಾಗಿ ಕನ್ನಡಿಯ ಹಾಗೆ ನುಣುಪಾಗಿದೆ. 1438ರ ಒನೊಫ್ರಿಯೊ ಕಾರಂಜಿ, ಫ್ರಾನ್ಸಿಸ್ಕನ್ ಮಠ, ಆ ಮುಖ್ಯಸ್ಥನ ಅರಮನೆ, ಆಮೇಲೆ 1,940 ಮೀಟರ್ ಸುತ್ತಳತೆಯ ಕೋಟೆ ಗೋಡೆ. ಎಲ್ಲರೂ ನೋಡುವುದು ಇದನ್ನೇ, ಇದೇ ಸಾಲಿನಲ್ಲಿ. ಸಂಜೆಯೊಳಗೆ ಹಡಗಿಗೆ ವಾಪಸ್.

ದೂರ ಹೋಗಲು ಧೈರ್ಯ ಸಾಲದು. ಹಡಗಿನವರೇ ಮಾರಿದ ಪ್ರವಾಸ ತಡವಾದರೆ ಹಡಗು ಕಾಯುತ್ತದೆ. ತಾವಾಗಿಯೇ ಸುತ್ತಲು ಹೋದವರಿಗಾಗಿ ಕಾಯುವುದಿಲ್ಲ. ಹಾಗಾಗಿ ಜನ ಬಾಗಿಲ ಹತ್ತಿರವೇ ಸುತ್ತುತ್ತಾರೆ. ಊಟಕ್ಕೂ ಹಡಗಿನಲ್ಲಿ ಮೊದಲೇ ದುಡ್ಡು ಕೊಟ್ಟಾಗಿದೆ. ಊರಿನಲ್ಲಿ ಒಂದು ಐಸ್‌ಕ್ರೀಮ್ ತಿಂದರೆ ಹೆಚ್ಚು.

ತಮಾಷೆ ಅಂದರೆ, ಹಡಗಿನಲ್ಲಿ ಬಂದವರನ್ನು ಏನು ಮಾಡಬೇಕು ಅನ್ನುವ ಪ್ರಶ್ನೆ ಈ ಊರಿಗೆ ಹೊಸದೇನಲ್ಲ. ಆಗ ಇದರ ಹೆಸರು ರಗೂಸಾ. ಸ್ವಂತ ಹಡಗು, ಸ್ವಂತ ಕಾನೂನು ಇದ್ದ ಪುಟ್ಟ ವ್ಯಾಪಾರಿ ಗಣರಾಜ್ಯ. ಪ್ಲೇಗ್ ಯುರೋಪನ್ನು ಮುಕ್ಕುತ್ತಿದ್ದ ಕಾಲ. ವ್ಯಾಪಾರ ನಿಲ್ಲಿಸಿದರೆ ಹೊಟ್ಟೆಗಿಲ್ಲ, ಹಡಗು ಬಿಟ್ಟುಕೊಂಡರೆ ಜೀವಕ್ಕಿಲ್ಲ. 1377ರಲ್ಲಿ ಅಲ್ಲಿನ ಮಹಾಸಭೆ ನಡುವಿನ ದಾರಿ ಹಿಡಿಯಿತು. ಪ್ಲೇಗ್ ಇರುವ ಕಡೆಯಿಂದ ಬಂದವರು ಮ್ರ್ಕಾನ್ ಎಂಬ ದ್ವೀಪದಲ್ಲೋ ತ್ಸಾವ್ತಾತ್ ಊರಿನಲ್ಲೋ 30 ದಿನ ಕಳೆಯಬೇಕು, ಆಮೇಲೆ ಒಳಗೆ ಬರಬಹುದು. ಮುಂದೆ ಅದು 40 ದಿನವಾಯಿತು. ಇಟಾಲಿಯನ್ ಭಾಷೆಯಲ್ಲಿ ನಲವತ್ತಕ್ಕೆ ಕ್ವರಾಂತ ಅನ್ನುತ್ತಾರೆ. 2020ರಲ್ಲಿ ನಾವೆಲ್ಲ ಬೇಡವೆಂದರೂ ಕಲಿತ ಕ್ವಾರಂಟೈನ್ ಎಂಬ ಪದ ಹುಟ್ಟಿದ್ದು ಆ ನಲವತ್ತರಿಂದಲೇ. ಕಾಯಿಸುವ ಪದ್ಧತಿಯನ್ನು ಕಾನೂನು ಮಾಡಿ ಬರೆದಿಟ್ಟ ಮೊದಲ ಊರು ಇದು ಅಂತ ಇತಿಹಾಸಕಾರರು ಹೇಳುತ್ತಾರೆ.

ಗಣರಾಜ್ಯ ನೆಪೋಲಿಯನ್ ಕಾಲಕ್ಕೆ, 1808ರಲ್ಲಿ ಮುಗಿಯಿತು. ಸುಮ್ನೆ ನೋಡುವುದಕ್ಕೇ ಹಡಗು ಹತ್ತುವವರು ಬಂದದ್ದು ಆಮೇಲೆ. 1891ರ ಜನವರಿಯಲ್ಲಿ ಜರ್ಮನಿಯ ಆಲ್ಬರ್ಟ್ ಬಾಲಿನ್ ತನ್ನ ಕಂಪನಿಯ ಔಗುಸ್ಟಾ ವಿಕ್ಟೋರಿಯಾ ಹಡಗಿನಲ್ಲಿ 241 ಜನರನ್ನು ಮೆಡಿಟರೇನಿಯನ್ ಸುತ್ತಲು ಕಳಿಸಿದ. ಕಾರಣ ಬಹಳ ಸರಳ: ಚಳಿಗಾಲದಲ್ಲಿ ಅಮೆರಿಕಕ್ಕೆ ಹೋಗುವವರು ಕಡಿಮೆ, ಹಡಗು ಖಾಲಿ ನಿಲ್ಲುತ್ತಿತ್ತು. ಆ ಪ್ರವಾಸ ಸುಮಾರು ಎರಡು ತಿಂಗಳದ್ದು. ಈಗ ವಾರದೊಳಗೆ ಐದಾರು ಊರು ಮುಗಿಸುತ್ತಾರೆ! ಜೆಟ್ ವಿಮಾನ ಬಂದ ಮೇಲೆ ಸಾಗರ ದಾಟುವ ಹಡಗುಗಳಿಗೆ ಕೆಲಸ ತಪ್ಪಿತು. ವಿಹಾರವೇ ಅವುಗಳ ಕಸುಬಾಯಿತು. ವರ್ಷ ಹೋದಂತೆ ಹಡಗು ದೊಡ್ಡದಾಯಿತು. 2024ರಲ್ಲಿ ಮೊದಲ ಪ್ರಯಾಣ ಹೊರಟ ಐಕಾನ್ ಆಫ್ ದ ಸೀಸ್ ಏಳು ಸಾವಿರಕ್ಕೂ ಜಾಸ್ತಿ ಪ್ರಯಾಣಿಕರನ್ನು ಹೊರಬಲ್ಲದು. ಹಡಗು ಬೆಳೆಯಿತು, ಪಿಲೆ ಬಾಗಿಲು ಬೆಳೆಯಲಿಲ್ಲ.

ದುಬ್ರೊವ್ನಿಕ್ ಈ ಜನರನ್ನು ಬೇಡ ಅನ್ನುವ ಸ್ಥಿತಿಯಲ್ಲಿಯೂ ಇರಲಿಲ್ಲ. 1991ರಲ್ಲಿ ಯುಗೊಸ್ಲಾವಿಯಾ ಒಡೆದಾಗ ಊರಿಗೆ ಮುತ್ತಿಗೆ ಬಿತ್ತು. ಆ ವರ್ಷದ ಡಿಸೆಂಬರ್ 6ರಂದು ಹಳೇ ಪಟ್ಟಣದ ಮೇಲೆ ಬಿದ್ದ ಶೆಲ್‌ಗಳ ಗುರುತು ಕಲ್ಲುಗಳಲ್ಲಿ ಇನ್ನೂ ಇವೆ. ಅಪಾಯದಲ್ಲಿರುವ ವಿಶ್ವ ಪರಂಪರೆಯ ತಾಣಗಳು ಅಂತ ಯುನೆಸ್ಕೊ ಮಾಡುವ ಪಟ್ಟಿಯಿಂದ ಹಳೇ ಪಟ್ಟಣ ಹೊರಬಂದದ್ದು 1998ರಲ್ಲಿ. ಸುಟ್ಟ ಮನೆಯವನು ಬಂದ ಅತಿಥಿಯನ್ನು ಎಣಿಸುತ್ತಾನಾ? ಒಂದೊಂದು ಹಡಗೂ ಊರು ಮತ್ತೆ ಎದ್ದಿತು ಎಂಬುದಕ್ಕೆ ಸಾಕ್ಷಿಯಾಗಿತ್ತು. ಸಾಲದ್ದಕ್ಕೆ 2011ರಿಂದ ಗೇಮ್ ಆಫ್ ಥ್ರೋನ್ಸ್ ಧಾರಾವಾಹಿಯ ಚಿತ್ರೀಕರಣ ಇಲ್ಲಿ ನಡೆಯಿತು. ಕೋಟೆ ಜಗತ್ತಿಗೆಲ್ಲ ಪರಿಚಯವಾಯಿತು.

ಈ ನಡುವೆ ಗೋಡೆಯೊಳಗಿನ ಮನೆಗಳು ಬಾಡಿಗೆ ಕೋಣೆಗಳಾದವು. ಯುದ್ಧಕ್ಕೆ ಮುಂಚೆ ಒಳಗೆ ಐದು ಸಾವಿರದಷ್ಟು ಜನ ಇದ್ದರು. ಈಗ ಎರಡು ಸಾವಿರವೂ ಇಲ್ಲ. ಹಳೇ ಪಟ್ಟಣದೊಳಗೆ ಒಂದೇ ಹೊತ್ತಿಗೆ 8,000ಕ್ಕಿಂತ ಹೆಚ್ಚು ಜನ ಇರಬಾರದು ಎಂದು 2015ರಲ್ಲಿ ಯುನೆಸ್ಕೊ ತಜ್ಞರು ಹೇಳಿದರು. ಮರುವರ್ಷ ಆಗಸ್ಟ್‌ನಲ್ಲಿ ಒಂದೇ ದಿನ ಹತ್ತು ಸಾವಿರಕ್ಕೂ ಹೆಚ್ಚು ಜನ ಕೋಟೆ ಗೋಡೆ ಹತ್ತಲು ಟಿಕೆಟ್ ಕೊಂಡರು.

2017ರಲ್ಲಿ ಗೆದ್ದ ಮೇಯರ್ ಮಾಟೊ ಫ್ರಾಂಕೊವಿಚ್ ಹಡಗುಗಳ ವೇಳಾಪಟ್ಟಿಗೇ ಕೈ ಹಾಕಿದರು. ನನ್ನ ಪ್ರಕಾರ ಸರಿಯಾದ ನಾಡಿ ಹಿಡಿದದ್ದು ಇಲ್ಲೇ. ಕಷ್ಟ ಇದ್ದದ್ದು ವರ್ಷದ ಲೆಕ್ಕದಲ್ಲಲ್ಲ, ಬೆಳಗಿನ ಆ ಎರಡು ಮೂರು ಗಂಟೆಯಲ್ಲಿ. ನಾಲ್ಕು ಹಡಗು ಒಟ್ಟಿಗೆ ಬಂದರೆ ಬೀದಿ ಕಟ್ಟಿಕೊಳ್ಳುತ್ತದೆ. ಅವೇ ನಾಲ್ಕು ಬೇರೆ ಬೇರೆ ದಿನ ಬಂದರೆ ಅಷ್ಟು ಗೊತ್ತಾಗುವುದಿಲ್ಲ. 2019ರಲ್ಲಿ ಕ್ರೂಸ್ ಕಂಪನಿಗಳ ಒಕ್ಕೂಟದ ಜೊತೆ ನಗರ ಒಪ್ಪಂದ ಮಾಡಿಕೊಂಡಿತು. ಒಂದು ಹೊತ್ತಿಗೆ ಎರಡೇ ಹಡಗು, 4,000 ಪ್ರಯಾಣಿಕರು. ಬಂದ ಹಡಗು ಕನಿಷ್ಠ 8 ಗಂಟೆ ನಿಲ್ಲಬೇಕು ಎಂಬ ಷರತ್ತೂ ಬಂತು. ಜನ ಕಡಿಮೆ ಬರಲಿ ಅನ್ನುವ ಊರು ಹೆಚ್ಚು ಹೊತ್ತು ಇರಿ ಅನ್ನುವುದು ವಿಚಿತ್ರ ಅನ್ನಿಸಬಹುದು ಅಲ್ವಾ? ಆದರೆ ಹೊತ್ತಿದ್ದರೆ ಜನ ಚದುರುತ್ತಾರೆ. ಕೂತು ಊಟ ಮಾಡುತ್ತಾರೆ. ಲೋಕ್ರುಮ್ ದ್ವೀಪಕ್ಕೂ ಹೋಗಿ ಬರುತ್ತಾರೆ.

ವೆನಿಸ್ ಹಿಡಿದ ದಾರಿ ಬೇರೆ. 2019ರ ಜೂನ್‌ನಲ್ಲಿ ಜುದೆಕ್ಕಾ ಕಾಲುವೆಯಲ್ಲಿ ದೊಡ್ಡ ಕ್ರೂಸ್ ಹಡಗೊಂದು ಪ್ರವಾಸಿ ದೋಣಿಗೆ ಡಿಕ್ಕಿ ಹೊಡೆಯಿತು. 2021ರ ಆಗಸ್ಟ್ 1ರಿಂದ 25,000 ಟನ್ ಮೀರಿದ ಹಡಗು ಆ ಕಾಲುವೆಗೆ ಬರುವಂತಿಲ್ಲ. 2024ರಲ್ಲಿ, ಆಯ್ದ ಕೆಲವು ದಿನಗಳಂದು, ರಾತ್ರಿ ಉಳಿಯದೆ ಹೋಗುವವರಿಗೆ 5 ಯೂರೋ ಪ್ರವೇಶ ಶುಲ್ಕ ಹಾಕಿದರು. ಹಣ ಬಂತು. ಗುಂಪು ಕರಗಿದಂತೆ ಕಾಣಲಿಲ್ಲ.

ದುಬ್ರೊವ್ನಿಕ್‌ನಲ್ಲಿ ಇಳಿದವರು ಸ್ಟ್ರಾದುನ್ ಬೀದಿಯ ಕೊನೆಗೆ ಬಂದು ಸಾಮಾನ್ಯವಾಗಿ ಹಿಂದಕ್ಕೆ ತಿರುಗುತ್ತಾರೆ. ಪೂರ್ವದ ಪ್ಲೊಚೆ ಬಾಗಿಲು ದಾಟಿ ಒಂದೆರಡು ನಿಮಿಷ ನಡೆದರೆ ಲಾಜರೆತಿ ಸಿಗುತ್ತದೆ. ಹೊರಗಿನಿಂದ ಬಂದ ವ್ಯಾಪಾರಿಗಳನ್ನೂ ಅವರ ಸರಕನ್ನೂ ದಿನ ತುಂಬುವ ತನಕ ಇರಿಸುತ್ತಿದ್ದ, 17ನೇ ಶತಮಾನದಲ್ಲಿ ಕಟ್ಟಿ ಮುಗಿಸಿದ ಕ್ವಾರಂಟೈನ್ ಮನೆಗಳು. ಸಮುದ್ರಕ್ಕೆ ಮುಖ ಮಾಡಿದ ಹತ್ತು ಉದ್ದನೆಯ ಕಟ್ಟಡಗಳು, ನಡುನಡುವೆ ಅಂಗಳ. ಒಂದೊಂದು ಕಟ್ಟಡಕ್ಕೂ ಸ್ಥಳೀಯರು ಲಾಜಾ ಅನ್ನುತ್ತಾರೆ. ಕ್ರೊಯೇಷಿಯನ್ ಭಾಷೆಯಲ್ಲಿ ಹಾಗಂದರೆ ಹಡಗು.