‘ಕಾಪಿ ಆಯಿತು’ ಎಂದು ಕಂಪ್ಯೂಟರ್ ಹೇಳಿದ ಮೇಲೂ

ಪೆನ್ ಡ್ರೈವಿಗೆ ಫೈಲನ್ನು ಹಾಕಿಕೊಳ್ಳುವುದು ಕಂಪ್ಯೂಟರ್ ಕಲಿಯತೊಡಗಿದವರು ಮೊದಲ ವಾರದಲ್ಲೇ ಮಾಡುವ ಕೆಲಸ. ಫೈಲಿನ ಮೇಲೆ ಮೌಸಿನ ಬಲಗುಂಡಿ ಒತ್ತಿ ‘ಕಾಪಿ’ ಆರಿಸಬೇಕು, ಪೆನ್ ಡ್ರೈವನ್ನು ತೆರೆದು ‘ಪೇಸ್ಟ್’ ಆರಿಸಬೇಕು. ಪರದೆಯ ಮೇಲಿನ ಹಸಿರು ಪಟ್ಟಿ ತುಂಬಿ ಮರೆಯಾದರೆ ಕೆಲಸ ಆದಂತೆ. ಆದರೆ ಕಲಿಸುವವರು ಅಷ್ಟಕ್ಕೇ ಬಿಡುವುದಿಲ್ಲ, ಕೀಳುವ ಮುನ್ನ ‘ಇಜೆಕ್ಟ್’ ಮಾಡಿ, ಅಂದರೆ ತೆಗೆಯುತ್ತೇನೆಂದು ಕಂಪ್ಯೂಟರಿಗೆ ಹೇಳಿ ಅದರ ಒಪ್ಪಿಗೆ ಪಡೆಯಿರಿ ಎನ್ನುತ್ತಾರೆ. ಏಕೆಂದು ಕೇಳಿದರೆ, ‘ಇಲ್ಲದಿದ್ದರೆ ಹಾಳಾಗುತ್ತದೆ’ ಎಂಬ ಉತ್ತರ. ಪಟ್ಟಿಯೇ ತುಂಬಿದ ಮೇಲೆ ಹಾಳಾಗಲು ಇನ್ನೇನು ಉಳಿದಿದೆ ಎಂಬುದು ನ್ಯಾಯವಾದ ಪ್ರಶ್ನೆ. ಅದರ ಉತ್ತರ ಹುಡುಕಹೊರಟರೆ ಪೆನ್ ಡ್ರೈವಿಗಿಂತ ಬಹಳ ಹಿಂದಕ್ಕೆ ಹೋಗಬೇಕಾಗುತ್ತದೆ.

1971ರಲ್ಲಿ ಐಬಿಎಂ ಹೊರತಂದ 8 ಇಂಚಿನ ಫ್ಲಾಪಿಯಲ್ಲಿ (ಮಾಹಿತಿ ಉಳಿಸಿಡುವ, ಬಾಗುವ ತೆಳು ತಟ್ಟೆ) ಹಿಡಿಯುತ್ತಿದ್ದುದು ಸುಮಾರು 80 ಕಿಲೋಬೈಟ್. ದೊಡ್ಡ ಕಂಪ್ಯೂಟರುಗಳೊಳಗೆ ಅವುಗಳದೇ ಆದೇಶಗಳನ್ನು ತುಂಬಲು ರೂಪಿಸಿದ ಸಾಧನ ಅದು. ಬಳಸುವವರು ಅದರ ಮೇಲೆ ಏನನ್ನೂ ಬರೆಯುವಂತಿರಲಿಲ್ಲ. ಹೊರಗೆ ಒಯ್ಯಲು ನಾವು ಬಳಸುವ ಈ ಬಗೆಯ ಸಾಧನ ಹುಟ್ಟಿದ್ದು ಒಳಗೆ ತರಲಿಕ್ಕಾಗಿ ಎಂಬುದು ಸ್ವಲ್ಪ ತಮಾಷೆಯ ಸಂಗತಿಯೇ. 1976ರಲ್ಲಿ ಐದೂಕಾಲು ಇಂಚಿನದು, 1981ರಲ್ಲಿ ಸೋನಿಯವರ ಮೂರೂವರೆ ಇಂಚಿನದು ಬಂದವು. 1987ರ ಹೊತ್ತಿಗೆ ಆ ಚಿಕ್ಕ ಫ್ಲಾಪಿಯಲ್ಲಿ 1.44 ಮೆಗಾಬೈಟ್ ಹಿಡಿಯುತ್ತಿತ್ತು. ವಿಂಡೋಸಿಗೂ ಮೊದಲು ಆದೇಶಗಳನ್ನು ಬೆರಳಚ್ಚು ಮಾಡಿಯೇ ಕಂಪ್ಯೂಟರ್ ನಡೆಸುತ್ತಿದ್ದ ಡಾಸ್ ಕಾಲದಲ್ಲಿ ‘ಕಾಪಿ’ ಎಂಬ ಆದೇಶವನ್ನು ಬೆರಳಚ್ಚು ಮಾಡಿದರೆ ಡ್ರೈವಿನ ದೀಪ ಹೊತ್ತಿಕೊಂಡು, ಫ್ಲಾಪಿ ಗರಗರ ಎಂದು ತಿರುಗಿ, ಬರೆದಾದ ಮೇಲೆ ದೀಪ ಆರುತ್ತಿತ್ತು. ದೀಪ ಉರಿಯುವಾಗ ಕೀಳಬಾರದು, ಆರಿದ ಮೇಲೆ ಕೀಳಬಹುದು ಎಂಬ ಒಂದೇ ನಿಯಮ ಸಾಕಾಗುತ್ತಿತ್ತು. ಎ ಮತ್ತು ಬಿ ಅಕ್ಷರಗಳು ಎರಡು ಫ್ಲಾಪಿ ಡ್ರೈವುಗಳಿಗೆ ಮೀಸಲಾಗಿದ್ದುದರಿಂದ ಹಾರ್ಡ್ ಡಿಸ್ಕಿಗೆ ಸಿ ಎಂಬ ಹೆಸರು ಬಂತು. ಫ್ಲಾಪಿಗಳು ಮರೆಯಾದರೂ ವಿಂಡೋಸಿನಲ್ಲಿ ಇಂದಿಗೂ ಎಣಿಕೆ ಸಿಯಿಂದಲೇ ಶುರುವಾಗುತ್ತದೆ.

ಆಪಲ್ ಸಂಸ್ಥೆ 1984ರ ಮ್ಯಾಕಿಂಟಾಷ್‌ನಲ್ಲಿ ಬೇರೆ ದಾರಿ ಹಿಡಿಯಿತು. ಅದರ ಡ್ರೈವಿಗೆ ಹೊರದೂಡುವ ಗುಂಡಿಯೇ ಇರಲಿಲ್ಲ. ಫ್ಲಾಪಿಯ ಚಿತ್ರವನ್ನು ಪರದೆಯ ಮೇಲಿನ ಕಸದ ಬುಟ್ಟಿಗೆ ಎಳೆದರೆ, ತನ್ನ ಬರವಣಿಗೆಯನ್ನೆಲ್ಲ ಮುಗಿಸಿಕೊಂಡು ಯಂತ್ರವೇ ಫ್ಲಾಪಿಯನ್ನು ಹೊರಕ್ಕೆ ನೂಕುತ್ತಿತ್ತು. ತಮ್ಮ ಬರಹವನ್ನೆಲ್ಲ ಇಟ್ಟುಕೊಂಡ ಫ್ಲಾಪಿಯನ್ನು ಕಸದ ಬುಟ್ಟಿಗೆ ಎಳೆಯಲು ಹೊಸಬರ ಕೈ ನಡುಗಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ. ಚಿತ್ರ ವಿಚಿತ್ರವಾಗಿದ್ದರೂ ಹಿಂದಿನ ಆಲೋಚನೆ ಮಾತ್ರ ಸರಿಯಾಗಿತ್ತು: ಬರೆದು ಮುಗಿಯಿತೇ ಇಲ್ಲವೇ ಎಂಬುದು ಯಂತ್ರಕ್ಕೇ ಚೆನ್ನಾಗಿ ಗೊತ್ತು, ಆದ್ದರಿಂದ ಹೊರಗೆ ಕೊಡುವ ಅಧಿಕಾರವೂ ಅದರದೇ.

ದೀಪದ ಮಾತನ್ನು ನಂಬಲಾಗದ ಕಾಲ ಬಂದದ್ದು ವೇಗದ ಆಸೆಯಿಂದ. ಕಂಪ್ಯೂಟರಿನ ಮೆಮೊರಿ ಡಿಸ್ಕಿಗಿಂತ ಎಷ್ಟೋ ಪಾಲು ಚುರುಕು. ಬರೆಯಬೇಕಾದದ್ದನ್ನು ಮೊದಲು ಮೆಮೊರಿಯಲ್ಲಿ ಇಟ್ಟುಕೊಂಡು, ಬಳಸುವವರಿಗೆ ‘ಆಯಿತು’ ಎಂದುಬಿಟ್ಟು, ಬಿಡುವಾದಾಗ ಡಿಸ್ಕಿಗೆ ಬರೆಯುವ ಏರ್ಪಾಡಿಗೆ ‘ರೈಟ್ ಕ್ಯಾಶ್’ ಎಂದು ಹೆಸರು. 1993ರ ಎಂಎಸ್-ಡಾಸ್ 6.0ರಲ್ಲಿ ಇದ್ದ ಸ್ಮಾರ್ಟ್‌ಡ್ರೈವ್ ಎಂಬ ತಂತ್ರಾಂಶ ಹಾರ್ಡ್ ಡಿಸ್ಕಿನ ವಿಷಯದಲ್ಲಿ ಹೀಗೆಯೇ ನಡೆದುಕೊಳ್ಳುತ್ತಿತ್ತು. ಕೆಲಸ ಮುಗಿಯಿತೆಂದು ತಿಳಿದು ಯಂತ್ರವನ್ನು ಆರಿಸಿದವರು ಫೈಲುಗಳನ್ನು ಕಳೆದುಕೊಂಡರು. ಅದರ ಮುಂದಿನ ಆವೃತ್ತಿಯಲ್ಲಿ, ಬರೆಯುವುದು ಮುಗಿಯುವವರೆಗೆ ಮುಂದಿನ ಆದೇಶಕ್ಕೆ ಎಡೆಕೊಡದಂತೆ ಅದನ್ನು ತಿದ್ದಲಾಯಿತು. ‘ಆಯಿತು’ ಎಂಬ ಮಾತಿಗೂ ನಿಜವಾಗಿ ಆಗುವುದಕ್ಕೂ ನಡುವೆ ಬಿದ್ದ ಈ ಅಂತರವೇ ಇಜೆಕ್ಟ್ ಎಂಬ ಶಾಸ್ತ್ರದ ಮೂಲ.

ಪೆನ್ ಡ್ರೈವ್ ಕಾಲಿಟ್ಟದ್ದು ಇದರ ನಡುವೆ. ವಿದ್ಯುತ್ ಇಲ್ಲದಾಗಲೂ ಬರಹವನ್ನು ಉಳಿಸಿಕೊಳ್ಳುವ ಫ್ಲ್ಯಾಶ್ ಮೆಮೊರಿಯನ್ನು ತೋಷಿಬಾದ ಫುಜಿಯೊ ಮಸುವೊಕ 1980ರ ದಶಕದಲ್ಲಿ ರೂಪಿಸಿದ್ದರು. 1996ರಲ್ಲಿ ಸಾಧನಗಳನ್ನು ಕಂಪ್ಯೂಟರಿಗೆ ಜೋಡಿಸುವ ಯುಎಸ್‌ಬಿ ಬಂತು, 1998ರ ಆಪಲ್ ಕಂಪ್ಯೂಟರ್ ಐಮ್ಯಾಕ್ ಫ್ಲಾಪಿ ಡ್ರೈವನ್ನೇ ಕೈಬಿಟ್ಟಿತು, 2000ದಲ್ಲಿ 8 ಮೆಗಾಬೈಟಿನ ಪೆನ್ ಡ್ರೈವುಗಳು ಮಾರಾಟಕ್ಕೆ ಬಂದವು. ಐದು ಫ್ಲಾಪಿಗಳಲ್ಲಿ ಹಿಡಿಯದಷ್ಟು ಸರಕು ಬೆರಳುದ್ದದ ಕಡ್ಡಿಯಲ್ಲಿ ಹಿಡಿಯಿತು. ಆದರೆ ಈ ಕಡ್ಡಿಯನ್ನು ಹಿಡಿದಿಟ್ಟುಕೊಳ್ಳುವ ಬಾಗಿಲಾಗಲಿ ಕೊಂಡಿಯಾಗಲಿ ಇಲ್ಲ. ಯಂತ್ರ ಇನ್ನೂ ಬರೆಯುತ್ತಿರುವಾಗಲೇ ಯಾರು ಬೇಕಾದರೂ ಎಳೆದುಕೊಳ್ಳಬಹುದು. ಹಾಗಾಗಿ ಪರದೆಯ ಮೂಲೆಯಲ್ಲಿ ಒಂದು ಪುಟ್ಟ ಚಿಹ್ನೆಯನ್ನಿಟ್ಟು, ‘ಇನ್ನು ತೆಗೆಯಬಹುದು’ ಎಂಬ ಅಪ್ಪಣೆಗಾಗಿ ಕಾಯಿರಿ ಎಂದು ಬಳಸುವವರನ್ನೇ ಕೇಳಿಕೊಳ್ಳಬೇಕಾಯಿತು.

ಅವಸರದಲ್ಲಿ ಕಿತ್ತರೆ ಕೆಡುವುದು ಏನು? ಪೆನ್ ಡ್ರೈವಿನಲ್ಲಿ ಪ್ರತಿ ಫೈಲಿಗೂ ಎರಡು ಕಡೆ ಬರವಣಿಗೆ ನಡೆಯುತ್ತದೆ: ಒಂದು ಕಡೆ ಫೈಲಿನ ಒಡಲು, ಇನ್ನೊಂದು ಕಡೆ ಯಾವ ಫೈಲಿನ ಯಾವ ತುಣುಕು ಎಲ್ಲಿದೆ ಎಂದು ಹೇಳುವ ಪಟ್ಟಿ. ಪುಸ್ತಕದ ಪುಟಗಳೆಲ್ಲ ಇದ್ದು ಪರಿವಿಡಿ ಹರಿದರೆ ಹುಡುಕಿ ಓದಬಹುದು, ಕಂಪ್ಯೂಟರಿಗೆ ಮಾತ್ರ ಆ ತಾಳ್ಮೆ ಇಲ್ಲ. ಪಟ್ಟಿ ಅರೆಬರೆಯಾದರೆ ಆಗ ನಕಲಾಗುತ್ತಿದ್ದ ಫೈಲಷ್ಟೇ ಅಲ್ಲ, ಮೊದಲಿನಿಂದ ಇದ್ದವೂ ಕಾಣದಾಗಬಹುದು. ವಿಂಡೋಸ್ 10ರ 2018ರ ಒಂದು ಆವೃತ್ತಿಯಿಂದೀಚೆಗೆ ಪೆನ್ ಡ್ರೈವುಗಳಿಗೆ ತಡಮಾಡಿ ಬರೆಯುವ ಪದ್ಧತಿಯನ್ನು ತಾನಾಗಿಯೇ ಅನುಸರಿಸುವುದಿಲ್ಲ, ಆದ್ದರಿಂದ ಅಲ್ಲಿ ಅಪಾಯ ಕಡಿಮೆ. ವಿಂಡೋಸಿನ ಬದಲು ಬಳಸಬಹುದಾದ ಲಿನಕ್ಸಿನಲ್ಲಿ ಹಾಗಲ್ಲ: ದೊಡ್ಡ ಫೈಲು ನಕಲಾಗುವುದನ್ನು ತೋರಿಸುವ ಪರದೆಯ ಪಟ್ಟಿ ಬೇಗನೆ ತುಂಬಿಬಿಟ್ಟು, ಇಜೆಕ್ಟ್ ಒತ್ತಿದ ಮೇಲೆ ನಿಮಿಷಗಟ್ಟಲೆ ಕಾಯಿಸುವುದು ಅಲ್ಲಿ ಬಳಸುವವರೆಲ್ಲ ಬಲ್ಲ ಅನುಭವ.

ಯಾವ ತುಣುಕು ಎಲ್ಲಿದೆ ಎಂದು ಹೇಳುವ ಆ ಪಟ್ಟಿಯನ್ನು ಬರೆದಿಡುವ ಕ್ರಮಕ್ಕೂ ಹಳೆಯ ಚರಿತ್ರೆಯಿದೆ. ಮೈಕ್ರೋಸಾಫ್ಟ್‌ನ ಮಾರ್ಕ್ ಮೆಕ್‌ಡೊನಾಲ್ಡ್ 1977ರಲ್ಲಿ ಫ್ಲಾಪಿಗಳಿಗಾಗಿ ರೂಪಿಸಿದ ‘ಫ್ಯಾಟ್’ ಕ್ರಮ ಬೆಳೆಯುತ್ತಾ 1996ರಲ್ಲಿ ಫ್ಯಾಟ್ 32 ಆಯಿತು. ಅದರಲ್ಲಿ ಫೈಲಿನ ಗಾತ್ರ ಬರೆಯಲು ಇರುವುದು 32 ಬಿಟ್‌ಗಳ, ಅಂದರೆ ಸೊನ್ನೆ ಅಥವಾ ಒಂದನ್ನು ಹಿಡಿಯುವ 32 ಮನೆಗಳ, ಜಾಗ. ಅಷ್ಟರಲ್ಲಿ ಬರೆಯಬಹುದಾದ ಅತಿ ದೊಡ್ಡ ಸಂಖ್ಯೆ 4 ಗಿಗಾಬೈಟಿಗೆ ಒಂದು ಬೈಟ್ ಕಡಿಮೆ. ಪೆನ್ ಡ್ರೈವಿನಲ್ಲಿ 20 ಗಿಗಾಬೈಟ್ ಖಾಲಿಯಿದ್ದರೂ 5 ಗಿಗಾಬೈಟಿನ ವಿಡಿಯೊ ‘ತೀರ ದೊಡ್ಡದಾಯಿತು’ ಎಂದು ನಿರಾಕರಣೆಗೆ ಒಳಗಾಗುವುದು ಇದರಿಂದಲೇ. 2006ರಲ್ಲಿ ಬಂದ ಎಕ್ಸ್‌ಫ್ಯಾಟ್‌ನಲ್ಲಿ ಈ ತೊಡಕಿಲ್ಲ. ಆ ಕ್ರಮಕ್ಕೆ ಬದಲಾಯಿಸಲು ಪೆನ್ ಡ್ರೈವನ್ನು ಫಾರ್ಮ್ಯಾಟ್ ಮಾಡಬೇಕು, ಫಾರ್ಮ್ಯಾಟ್ ಮಾಡಿದರೆ ಒಳಗಿರುವುದೆಲ್ಲ ಅಳಿಸುತ್ತದೆ. ಮೊದಲು ಬೇರೆಡೆ ತೆಗೆದಿಟ್ಟುಕೊಳ್ಳದೆ ಆ ಗೋಜಿಗೆ ಹೋಗಬಾರದು.

‘ಕಟ್’, ‘ಕಾಪಿ’, ‘ಪೇಸ್ಟ್’ ಎಂಬ ಮಾತುಗಳು ಮೊದಲಿಗೆ ಬರಹ ತಿದ್ದುವವರವು. 1970ರ ದಶಕದಲ್ಲಿ ಜೆರಾಕ್ಸ್ ಕಂಪನಿಯ ಪಾರ್ಕ್ ಎಂಬ ಸಂಶೋಧನಾ ಕೇಂದ್ರದಲ್ಲಿ ಲ್ಯಾರಿ ಟೆಸ್ಲರ್ ಮತ್ತು ಸಂಗಡಿಗರು ಅವನ್ನು ಬರವಣಿಗೆಗೆ ತಂದರೆ, ವಿಂಡೋಸ್ 95 ಫೈಲುಗಳಿಗೂ ಅನ್ವಯಿಸಿತು. ಕಲಿಯುವವರು ‘ಕಟ್’ ಅನ್ನು ದೂರವಿಡುವುದು ಲೇಸು ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಅದು ಮೂಲವನ್ನು ಉಳಿಸುವುದಿಲ್ಲ. ವಿಂಡೋಸಿನಲ್ಲಿ ಫೈಲನ್ನು ಮೌಸಿನಿಂದ ಎಳೆದು ಬಿಟ್ಟರೆ, ಬೇರೆ ಡ್ರೈವಿಗಾದರೆ ನಕಲಾಗುತ್ತದೆ, ಅದೇ ಡ್ರೈವಿನೊಳಗಾದರೆ ಸ್ಥಳ ಬದಲಾಗುತ್ತದೆ ಎಂಬ ಗೊಂದಲವೂ ಆ ಕಾಲದ್ದೇ. ಮೂಲೆಯಲ್ಲಿ ಬಾಗಿದ ಬಾಣದ ಗುರುತಿರುವ ಚಿತ್ರವನ್ನು ಕಾಪಿ ಮಾಡಿದರೆ ಹೋಗುವುದು ಫೈಲಲ್ಲ, ಅದರ ವಿಳಾಸವಿರುವ ಶಾರ್ಟ್‌ಕಟ್. ಇನ್ನೊಂದು ಕಂಪ್ಯೂಟರಿನಲ್ಲಿ ಅದು ತೆರೆಯುವುದಿಲ್ಲ.

ನಕಲು ಸರಿಯಾಗಿದೆಯೇ ಎಂದು ನೋಡಲು ಹಲವರು ಪೇಸ್ಟ್ ಮಾಡಿದ ಕೂಡಲೇ ಪೆನ್ ಡ್ರೈವಿನಲ್ಲಿರುವ ಫೈಲನ್ನು ತೆರೆಯುತ್ತಾರೆ. ಆಗ ಕಾಣುವುದು ಮೆಮೊರಿಯಲ್ಲಿ ಉಳಿದಿರುವ ಪ್ರತಿಯೇ ಆಗಿರಬಹುದು. ಇಜೆಕ್ಟ್ ಮಾಡಿ, ಪೆನ್ ಡ್ರೈವನ್ನು ಹೊರತೆಗೆದು, ಮತ್ತೆ ಚುಚ್ಚಿ ತೆರೆದರೆ ಕಾಣುವುದು ಮಾತ್ರ ಅದರ ಮೇಲೆ ನಿಜವಾಗಿ ಬರೆದಿರುವುದು.