ಬಿಸಿ ಆದ್ಮೇಲಾ, ಮುಂಚೇನಾ? ಹಳೆ ಫಿಯಟ್‌ನಲ್ಲಿ ನಂದಿ ಬೆಟ್ಟ

ಹಳೆ ಕಾರು ಕೈಕೊಟ್ಟಾಗ ಅನುಭವ ಇರುವ ಮೆಕ್ಯಾನಿಕ್ ಬಾನೆಟ್ ಎತ್ತುವ ಮೊದಲೇ ಒಂದು ಪ್ರಶ್ನೆ ಕೇಳುತ್ತಾರೆ.

"ಸಾರ್, ಗಾಡಿ ಬಿಸಿ ಆದ್ಮೇಲೆ ಹಿಂಗಾಗುತ್ತಾ, ಬೆಳಿಗ್ಗೆ ತಣ್ಣಗಿದ್ದಾಗ್ಲೂ ಹಿಂಗೇನಾ?"

"ಇಲ್ಲ ಅಣ್ಣ, ಬಿಸಿ ಆದ್ಮೇಲೇನೇ."

ಇಷ್ಟು ಗೊತ್ತಾದರೆ ಹುಡುಕಬೇಕಾದ ಜಾಗ ಅರ್ಧಕ್ಕರ್ಧ ಕಡಿಮೆಯಾಯಿತು. ಎಂಜಿನ್ ಬಿಸಿಯನ್ನು ಓಟ ಮಾಡುತ್ತದೆ, ಬ್ರೇಕ್ ಆ ಓಟವನ್ನು ವಾಪಸ್ ಬಿಸಿ ಮಾಡುತ್ತದೆ. ಆ ಬಿಸಿ ಹೋಗಬೇಕಾದ ಕಡೆ ಹೋಗುತ್ತಿದ್ದರೆ ಗಾಡಿ ತನ್ನ ಪಾಡಿಗೆ ತಾನು ಓಡುತ್ತದೆ. ಹೋಗದೆ ಎಲ್ಲೋ ನಿಂತುಬಿಟ್ಟರೆ ರಗಳೆ ಶುರು. ಹಳೆ ಕಾರಿನ ತೊಂದರೆಗಳಲ್ಲಿ ಬಹುಪಾಲು ಈ ಲೆಕ್ಕಕ್ಕೇ ಬರುತ್ತವೆ ಅನ್ನೋದು ನನ್ನ ಅನಿಸಿಕೆ. ಅದನ್ನು ನೋಡೋಕೆ ಚಿಕ್ಕಬಳ್ಳಾಪುರದವರು ದೂರ ಹೋಗಬೇಕಿಲ್ಲ. ಪಕ್ಕದಲ್ಲೇ ನಂದಿ ಬೆಟ್ಟ ಇದೆ. ಹತ್ತುವಾಗ ಎಂಜಿನ್‌ಗೆ ಪರೀಕ್ಷೆ, ಇಳಿಯುವಾಗ ಬ್ರೇಕ್‌ಗೆ ಪರೀಕ್ಷೆ.

ಕಾರು ಯಾವುದು? ಪ್ರೀಮಿಯರ್ ಪದ್ಮಿನಿ ಅಂತ ಇಟ್ಟುಕೊಳ್ಳೋಣ. ನಮ್ಮ ಕಡೆ ಈಗಲೂ ಎಲ್ಲರ ಬಾಯಲ್ಲಿ ಅದು ಫಿಯಟ್ಟೇ. 1089 ಸಿಸಿ, ನಾಲ್ಕು ಸಿಲಿಂಡರ್, ಪೆಟ್ರೋಲ್-ಗಾಳಿ ಬೆರೆಸಿ ಕೊಡುವ ಒಂದು ಕಾರ್ಬರೇಟರ್, ಸ್ಟೇರಿಂಗ್ ಪಕ್ಕದಲ್ಲೇ ಗೇರ್, ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್. ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ. ಬೆಟ್ಟದ ತಪ್ಪಲಲ್ಲೇ ಮುದ್ದೇನಹಳ್ಳಿ ಇದೆ, ಸರ್ ಎಂ. ವಿಶ್ವೇಶ್ವರಯ್ಯನವರ ಊರು. ಭಾರತದಲ್ಲೇ ಕಾರು ತಯಾರಾಗಬೇಕು ಅಂತ 1930ರ ದಶಕದಲ್ಲಿ ಯೋಜನೆ ಹಾಕಿ ಓಡಾಡಿದವರು ಅವರು. ಆ ಪ್ರಯತ್ನದಲ್ಲಿ ಜೊತೆಗಿದ್ದ ಉದ್ಯಮಿ ವಾಲ್‌ಚಂದ್ ಹೀರಾಚಂದ್ 1944ರಲ್ಲಿ ಕಟ್ಟಿದ ಕಂಪನಿಯೇ ಪ್ರೀಮಿಯರ್. ಈ ರಸ್ತೆಯಲ್ಲಿ ಹಳೆ ಫಿಯಟ್ ಒಂದು ಕೆಮ್ಮುತ್ತಾ ಹೋದರೂ ನನಗೆ ಖುಷಿಯೇ.

ಏರು ಶುರುವಾಯಿತು. ಎರಡನೇ ಗೇರ್, ಕೆಲವು ತಿರುವಲ್ಲಿ ಒಂದನೇ ಗೇರ್. ಪೆಟ್ರೋಲಿನಲ್ಲಿರುವ ಶಕ್ತಿಯಲ್ಲಿ ಇಂಥ ಎಂಜಿನ್ ಚಕ್ರಕ್ಕೆ ಕೊಡೋದು ಹೆಚ್ಚೆಂದರೆ ಕಾಲು ಭಾಗ. ಉಳಿದದ್ದರಲ್ಲಿ ದೊಡ್ಡ ಪಾಲು ಸೈಲೆನ್ಸರ್‌ನಲ್ಲಿ ಹೊಗೆಯ ಜೊತೆ ಹೋಗುತ್ತದೆ. ಇನ್ನೊಂದು ದೊಡ್ಡ ಪಾಲನ್ನು ರೇಡಿಯೇಟರ್ ಹೊರಗೆ ಹಾಕಬೇಕು. ಏರಿನಲ್ಲಿ ಎಂಜಿನ್ ಪೂರ್ತಿ ದುಡಿಯುತ್ತಿದೆ, ಆದರೆ ಗಾಡಿಯ ವೇಗ ಕಡಿಮೆ, ಎದುರಿಗೆ ನುಗ್ಗುವ ಗಾಳಿಯೂ ಕಡಿಮೆ. ಟೆಂಪರೇಚರ್ ಮೀಟರ್‌ನ ಮುಳ್ಳು ಮೇಲೆ ಹೋಗೋದು ಇಲ್ಲೇ.

ಹೀಟ್ ಆಗೋದರಲ್ಲೂ ಎರಡು ಥರ ಇದೆ. ಸಂತೆ ದಿನದ ಟ್ರಾಫಿಕ್ಕಿನಲ್ಲಿ ನಿಂತಾಗ ಬಿಸಿಯಾಗಿ, ಹೈವೇಗೆ ಬಿದ್ದ ಮೇಲೆ ತಣ್ಣಗಾದರೆ ಗಾಳಿ ಸಾಲುತ್ತಿಲ್ಲ ಅಂತ ಅರ್ಥ. ಫ್ಯಾನ್ ಬೆಲ್ಟ್ ನೋಡಿ, ರೇಡಿಯೇಟರ್ ಮುಂದೆ ಕಟ್ಟಿಕೊಂಡ ಹುಳ, ಹುಲ್ಲು ನೋಡಿ. ನಿಂತಾಗ ಏನೂ ಆಗದೆ, ಏರಿನಲ್ಲಿ ಅಥವಾ ಜೋರಾಗಿ ಓಡಿಸುವಾಗ ಬಿಸಿಯಾದರೆ ನೀರಿನ ಕಡೆ ತಿರುಗಿ. ನಮ್ಮ ಜಿಲ್ಲೆಗಳಲ್ಲಿ ಈ ಎರಡನೆಯದೇ ಜಾಸ್ತಿ. ಕಾರಣ ಬೋರ್‌ವೆಲ್.

ಪೆನ್ನಾರ್, ಪಾಲಾರ್ ಹುಟ್ಟೋದು ಈ ಸೀಮೆಯಲ್ಲೇ. ಆದರೂ ಚಿಕ್ಕಬಳ್ಳಾಪುರ, ಕೋಲಾರದಲ್ಲಿ ವರ್ಷವಿಡೀ ಹರಿಯುವ ಹೊಳೆ ಒಂದೂ ಇಲ್ಲ. ಕುಡಿಯೋಕೂ ಬೋರ್ ನೀರು, ರೇಡಿಯೇಟರ್‌ಗೂ ಬೋರ್ ನೀರು. ಗಡಸು ನೀರಿನಲ್ಲಿ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಕರಗಿರುತ್ತದೆ. ಬಿಸಿಯಾದಾಗ ಅದರಿಂದ ಕಾರ್ಬನ್ ಡೈಆಕ್ಸೈಡ್ ಹೊರಟುಹೋಗಿ, ಕರಗದ ಕ್ಯಾಲ್ಸಿಯಂ ಕಾರ್ಬೊನೇಟ್ ಉಳಿಯುತ್ತದೆ. ಸ್ನಾನದ ಹಂಡೆಯ ತಳದಲ್ಲಿ ಕಟ್ಟುವ ಬಿಳಿ ಪದರ ಇದೇ. ಎಂಜಿನ್ ಒಳಗೆ ಇದು ಕಟ್ಟಿಕೊಳ್ಳೋದು ಅತಿ ಹೆಚ್ಚು ಬಿಸಿ ಇರುವ ಜಾಗದಲ್ಲಿ, ಅಂದರೆ ಸಿಲಿಂಡರ್ ಹೆಡ್ ಸುತ್ತ. ತಂಪು ಎಲ್ಲಿ ತುಂಬಾ ಬೇಕೋ ಸರಿಯಾಗಿ ಅಲ್ಲೇ ಅಡ್ಡ ನಿಲ್ಲುತ್ತದೆ. ಎರಕದ ಕಬ್ಬಿಣ ಬಿಸಿಯನ್ನು ದಾಟಿಸುವಷ್ಟು ಸಲೀಸಾಗಿ ಈ ಸುಣ್ಣದ ಪದರ ದಾಟಿಸುವುದಿಲ್ಲ. ಒಂದು ಮಿಲಿಮೀಟರ್ ಪದರ ಇದ್ದರೆ ಗೋಡೆಗೆ ಎರಡು-ಮೂರು ಸೆಂಟಿಮೀಟರ್ ಕಬ್ಬಿಣ ಹೆಚ್ಚಿಗೆ ಸೇರಿಸಿದಷ್ಟು ತಡೆ ಬೀಳುತ್ತದೆ. ರೇಡಿಯೇಟರ್ ಹೊಸದು ಹಾಕಿಸಿದರೂ ಹೀಟಿಂಗ್ ನಿಲ್ಲದ ಗಾಡಿಗಳ ಗುಟ್ಟು ಎಷ್ಟೋ ಸಲ ಇದೇ. ಡಿಸ್ಟಿಲ್ಡ್ ವಾಟರ್ ಮತ್ತು ಕೂಲೆಂಟ್ ದುಬಾರಿ ಅನ್ನಿಸಿದರೆ, ಸೋಸಿಟ್ಟ ಮಳೆನೀರಾದರೂ ಬೋರ್ ನೀರಿಗಿಂತ ವಾಸಿ.

ಇನ್ನೊಂದು ಚಿಕ್ಕ ವಸ್ತು ರೇಡಿಯೇಟರ್ ಕ್ಯಾಪ್. ನಂದಿಯ ತುದಿ 1478 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟಕ್ಕಿಂತ ಸುಮಾರು 15% ಕಡಿಮೆ, ನೀರು 95 ಡಿಗ್ರಿಗೇ ಕುದಿಯುತ್ತದೆ. ಕ್ಯಾಪ್ ಒಳಗಿನ ಸ್ಪ್ರಿಂಗು, ರಬ್ಬರು ಸರಿಯಿದ್ದರೆ ಒಳಗೆ ಒತ್ತಡ ಏರಿ ಕುದಿಬಿಂದು 100 ದಾಟುತ್ತದೆ. ರಬ್ಬರು ಸತ್ತಿದ್ದರೆ ಆ ರಕ್ಷಣೆ ಹೋಯಿತು. ಬಿಸಿ ಇರುವಾಗ ಕ್ಯಾಪ್ ತಿರುಗಿಸಬಾರದು ಅನ್ನೋದೂ ಇದಕ್ಕೇ. ಒತ್ತಡ ಬಿಟ್ಟ ತಕ್ಷಣ, ಅಲ್ಲಿಯವರೆಗೆ ನೀರಾಗಿದ್ದದ್ದು ಹಬೆಯಾಗಿ ಮುಖಕ್ಕೆ ನುಗ್ಗುತ್ತದೆ.

ಈಗ ನಿಜವಾದ ಪತ್ತೇದಾರಿ ಕೆಲಸ. ಅರ್ಧ ಬೆಟ್ಟದಲ್ಲಿ ಗಾಡಿ ಎರಡು ಸಲ ಜರ್ಕ್ ಹೊಡೆದು ಆಫ್ ಆಯಿತು. ಸೆಲ್ಫ್ ಹೊಡೆದರೆ ಎಂಜಿನ್ ಸುತ್ತುತ್ತದೆ, ಸ್ಟಾರ್ಟ್ ಆಗಲ್ಲ. ಅರ್ಧ ಗಂಟೆ ಬಿಟ್ಟು ಹೊಡೆದರೆ ಏನೂ ಆಗೇ ಇಲ್ಲವೇನೋ ಅನ್ನೋ ಹಾಗೆ ಸ್ಟಾರ್ಟ್! ಇದಕ್ಕೆ ಕಾರಣ ಎರಡು ಇರಬಹುದು. ಲಕ್ಷಣ ನೋಡಿದರೆ ಎರಡೂ ಒಂದೇ.

ಒಂದು, ಪೆಟ್ರೋಲ್ ಆವಿಯಾಗಿ ಪೈಪ್ ಕಟ್ಟಿಕೊಂಡಿರೋದು. ಪೆಟ್ರೋಲ್ ಒಂದೇ ವಸ್ತುವಲ್ಲ, ನೂರಾರು ಹೈಡ್ರೊಕಾರ್ಬನ್‌ಗಳ ಬೆರಕೆ. ಅದರಲ್ಲಿ ಹಗುರವಾದವು 35-40 ಡಿಗ್ರಿಗೇ ಕುದಿಯೋಕೆ ಶುರು ಮಾಡುತ್ತವೆ. ಫಿಯಟ್‌ನ ಪೆಟ್ರೋಲ್ ಪಂಪ್ ಎಂಜಿನ್‌ಗೆ ಅಂಟಿಕೊಂಡೇ ಕೂತಿದೆ. ಹಿಂದಿನ ಟ್ಯಾಂಕಿನಿಂದ ಅದು ಪೆಟ್ರೋಲನ್ನು ಎಳೆದುಕೊಳ್ಳಬೇಕು. ಎಳೆಯುವ ಪೈಪಿನಲ್ಲಿ ಒತ್ತಡ ಕಡಿಮೆ, ಒತ್ತಡ ಕಡಿಮೆಯಾದಲ್ಲಿ ಕುದಿಯೋದು ಇನ್ನೂ ಸುಲಭ. ಮೇಲೆ ಬೆಟ್ಟದ ಎತ್ತರ ಬೇರೆ. ಪಂಪಿನ ಡಯಾಫ್ರಂ, ಅಂದರೆ ಒಳಗೆ ಮೇಲೆ ಕೆಳಗೆ ಆಡುವ ಪೊರೆ, ದ್ರವವನ್ನು ತಳ್ಳಬಲ್ಲದು. ಆವಿ ಸಿಕ್ಕರೆ ಸುಮ್ನೆ ಹಿಗ್ಗಿಸಿ ಕುಗ್ಗಿಸಿ ಆಟ ಆಡುತ್ತದೆ, ಕಾರ್ಬರೇಟರ್‌ಗೆ ಏನೂ ಮುಟ್ಟಲ್ಲ.

ಇನ್ನೊಂದು, ಕರೆಂಟಿನ ಕಡೆ. ಡಿಸ್ಟ್ರಿಬ್ಯೂಟರ್ (ಪ್ಲಗ್‌ಗಳಿಗೆ ಕರೆಂಟ್ ಹಂಚುವ ಭಾಗ) ಒಳಗಿನ ಸ್ವಿಚ್‌ನಂಥ ಪಾಯಿಂಟ್ ತೆರೆದ ಕ್ಷಣ, ತಂತಿ ಸುತ್ತಿದ ಕಾಯಿಲ್‌ನಲ್ಲಿನ ಕಾಂತಕ್ಷೇತ್ರ ಕುಸಿಯುತ್ತದೆ, ಅದರಿಂದ ಸಾವಿರಾರು ವೋಲ್ಟ್ ಹುಟ್ಟಿ ಪ್ಲಗ್‌ನಲ್ಲಿ ಕಿಡಿ ಹಾರುತ್ತದೆ. ಬ್ಯಾಟರಿ ಕೊಡೋದು ಬರೀ 12 ವೋಲ್ಟ್. ಕುಸಿತ ದಿಢೀರ್ ಅಂತ ಆಗೋದರಿಂದಲೇ ಇಷ್ಟು ದೊಡ್ಡ ವೋಲ್ಟೇಜ್ ಬರೋದು, ಹಾಗೆ ದಿಢೀರ್ ಆಗುವಂತೆ ಮಾಡೋದು ಪಾಯಿಂಟ್ ಜೊತೆಗಿರುವ ಕಂಡೆನ್ಸರ್‌ನ ಕೆಲಸ. ಕಂಡೆನ್ಸರ್ ಅಥವಾ ಕಾಯಿಲ್‌ನ ಒಳಗಿನ ಇನ್ಸುಲೇಷನ್ ಹಳತಾಗಿದ್ದರೆ, ಬಿಸಿಯಾದಾಗ ಮಾತ್ರ ಕೈಕೊಡುತ್ತದೆ. ತಣ್ಣಗಾದರೆ ಮತ್ತೆ ಸರಿ. ಮರುದಿನ ಗ್ಯಾರೇಜಿಗೆ ಒಯ್ದು ಮೀಟರ್ ಹಿಡಿದರೆ ಎಲ್ಲಾ ಚೆನ್ನಾಗಿದೆ ಅಂತಲೇ ತೋರಿಸುತ್ತದೆ.

ಹಾಗಾದರೆ ಗೊತ್ತಾಗೋದು ಹೇಗೆ? ಕಾರು ಸತ್ತ ಆ ಗಳಿಗೆಯಲ್ಲೇ ನೋಡಬೇಕು, ತಣ್ಣಗಾಗಲು ಬಿಡಬಾರದು. ಡಿಕ್ಕಿಯಲ್ಲಿ ಒಂದು ಸ್ಪೇರ್ ಪ್ಲಗ್ ಇಟ್ಟಿರಿ. ಒಂದು ಪ್ಲಗ್ ವೈರ್ ಕಿತ್ತು ಅದಕ್ಕೆ ಸಿಕ್ಕಿಸಿ, ಪ್ಲಗ್‌ನ ಲೋಹದ ಮೈ ಎಂಜಿನ್‌ಗೆ ತಾಗುವಂತೆ ಭದ್ರವಾಗಿ ಇಡಿ. ಕಾರ್ಬರೇಟರ್‌ನಿಂದ ದೂರ ಇರಲಿ, ಅಲ್ಲಿ ಪೆಟ್ರೋಲ್ ಆವಿ ಇರುತ್ತದೆ. ಇನ್ನೊಬ್ಬರು ಸೆಲ್ಫ್ ಹೊಡೆಯಲಿ. ನೀಲಿ ಕಿಡಿ ಚಟ್ ಚಟ್ ಅಂತ ಸದ್ದು ಮಾಡುತ್ತಾ ಬಂದರೆ ಕರೆಂಟ್ ಸರಿಯಿದೆ, ಪೆಟ್ರೋಲ್ ಕಡೆ ಹೋಗಿ. ಕಿಡಿ ಇಲ್ಲ, ಅಥವಾ ಹಳದಿಯಾಗಿ ಸೊರಗಿದೆ ಅಂದರೆ ಪಾಯಿಂಟ್ ನೋಡಿ. ಅದು ಸುಟ್ಟು ಕಪ್ಪಾಗಿದ್ದರೆ ಮೊದಲ ಅನುಮಾನ ಕಂಡೆನ್ಸರ್ ಮೇಲೆ. ಪಾಯಿಂಟಿನ ಗ್ಯಾಪ್ ಸುಮಾರು 0.4 ಮಿಲಿಮೀಟರ್ ಇರಬೇಕು. ಇದಕ್ಕೆ ಐದು ನಿಮಿಷ ಸಾಕು. ಇದನ್ನು ಮಾಡದೆ ಕಾರ್ಬರೇಟರ್ ಬಿಚ್ಚಿ ಹರಡಿಕೊಂಡು ಕೂರುವವರೇ ಜಾಸ್ತಿ.

ಆವಿಯ ತೊಂದರೆ ಅಂತ ಖಚಿತವಾದರೆ ಹಳೆ ಡ್ರೈವರುಗಳ ಉಪಾಯ ಇದೆ: ಪಂಪಿಗೆ ಒದ್ದೆ ಬಟ್ಟೆ ಸುತ್ತೋದು. ನಗಬೇಡಿ, ಇದರ ವಿಜ್ಞಾನ ಗಟ್ಟಿಯಾಗಿದೆ. ಒಂದು ಕೆಜಿ ನೀರು ಆವಿಯಾಗಬೇಕಾದರೆ 22 ಲಕ್ಷ ಜೌಲ್‌ಗೂ ಹೆಚ್ಚು ಶಾಖ ಹೀರಿಕೊಳ್ಳುತ್ತದೆ. ಮಾರ್ಚ್-ಏಪ್ರಿಲ್‌ನ ನಮ್ಮ ಒಣ ಗಾಳಿಯಲ್ಲಿ ಬಟ್ಟೆ ಬೇಗ ಆರುತ್ತದೆ, ಪಂಪು ಬೇಗ ತಣ್ಣಗಾಗುತ್ತದೆ. ಮಂಗಳೂರಿನ ಸೆಕೆಯಲ್ಲಿ ಇದು ಇಷ್ಟು ಚೆನ್ನಾಗಿ ಕೆಲಸ ಮಾಡಲ್ಲ.

2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ಸಿಕ್ಕ ಇ20 ಪೆಟ್ರೋಲ್ ಈ ಕತೆಗೆ ಇನ್ನೊಂದು ತಿರುವು ಕೊಟ್ಟಿದೆ. ಅದರಲ್ಲಿ 20% ಎಥನಾಲ್. ಒಂದು ಕೆಜಿ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕೆಜಿ ಗಾಳಿ ಬೇಕು, ಎಥನಾಲ್‌ಗೆ 9 ಕೆಜಿ ಸಾಕು. ಹಳೆ ಕಾರ್ಬರೇಟರ್‌ನಲ್ಲಿ ಪೆಟ್ರೋಲ್ ಬಿಡುವ ಸಣ್ಣ ತೂತಾದ ಜೆಟ್‌ಗೆ ಇದೆಲ್ಲ ಗೊತ್ತಿಲ್ಲ, ಅದು ಮೊದಲಿನಷ್ಟೇ ಬಿಡುತ್ತದೆ. ಹಾಗಾಗಿ ಗಾಳಿ ಹೆಚ್ಚಾಗಿ ಮಿಶ್ರಣ ತೆಳುವಾಗಿ, ಆಕ್ಸಿಲರೇಟರ್ ಒತ್ತಿದಾಗ ಪಿಕಪ್ ತಡವರಿಸುತ್ತದೆ. ಜೊತೆಗೆ ಎಥನಾಲ್ ಹಳೆ ಕಾಲದ ರಬ್ಬರನ್ನು ಉಬ್ಬಿಸಿ ಮೆತ್ತಗೆ ಮಾಡುತ್ತದೆ, ನೀರನ್ನೂ ಹೀರಿಕೊಳ್ಳುತ್ತದೆ. ತಿಂಗಳುಗಟ್ಟಲೆ ಶೆಡ್ಡಿನಲ್ಲಿ ನಿಂತ ಕಾರಿನ ಟ್ಯಾಂಕಿನಲ್ಲಿ ನೀರು ಮತ್ತು ಎಥನಾಲ್ ಬೇರೆಯಾಗಿ ತಳಕ್ಕೆ ಇಳಿಯಬಹುದು. ಪಂಪಿನ ಡಯಾಫ್ರಂ, ಪೆಟ್ರೋಲ್ ಹೋಸ್ ಎರಡನ್ನೂ ಎಥನಾಲ್ ತಡೆಯುವಂಥದ್ದಕ್ಕೆ ಬದಲಿಸಿಬಿಡಿ. ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ತೊಟ್ಟಿಕ್ಕೋದು ತಮಾಷೆಯ ವಿಷಯ ಅಲ್ಲ.

ಮೇಲೆ ಹತ್ತಿ ಕಾಫಿ ಕುಡಿದಾಯಿತು. ಈಗ ಇಳಿಜಾರು.

ಒಂದು ಲೆಕ್ಕ ಹಾಕೋಣ. ಫಿಯಟ್ ಸುಮಾರು 900 ಕೆಜಿ, ಒಳಗೆ ನಾಲ್ಕು ಜನ, ಒಟ್ಟು 1200 ಕೆಜಿ. ತುದಿಯಿಂದ ತಪ್ಪಲಿಗೆ 500 ಮೀಟರ್ ಅನ್ನೋಣ. ಇಳಿಯುವಾಗ ಕಳೆದುಕೊಳ್ಳಬೇಕಾದ ಶಕ್ತಿ ಸುಮಾರು 59 ಲಕ್ಷ ಜೌಲ್. ಹದಿನೆಂಟು ಲೀಟರ್ ತಣ್ಣೀರನ್ನು ಕುದಿಸಲು ಅಷ್ಟು ಸಾಕು. ನ್ಯೂಟ್ರಲ್‌ಗೆ ಹಾಕಿ ಪೆಟ್ರೋಲ್ ಉಳಿಸುತ್ತೀನಿ ಅನ್ನುವವರ ಗಾಡಿಯಲ್ಲಿ ಇದರ ಬಹುಪಾಲು ನಾಲ್ಕು ಡ್ರಮ್‌ಗೆ ಹೋಗುತ್ತದೆ. ಒಂದೊಂದು ಡ್ರಮ್ ಆರು ಕೆಜಿ ಅಂತಿಟ್ಟುಕೊಂಡು, ಬಿಸಿ ಹೊರಗೆ ಹೋಗದಿದ್ದರೆ, ತಾಪ 500 ಡಿಗ್ರಿಗೂ ಹೆಚ್ಚು ಏರಬೇಕು! ದಾರಿಯಲ್ಲಿ ಗಾಳಿಗೆ ಒಂದಷ್ಟು ಹೋಗುತ್ತದೆ, ನಿಜ. ಅರ್ಧ ಹೋದರೂ 250 ಡಿಗ್ರಿ ಉಳಿಯಿತು. ಅದರಲ್ಲೂ ಮುಂದಿನ ಡ್ರಮ್‌ಗಳಿಗೇ ಜಾಸ್ತಿ ಪಾಲು. ಹತ್ತಿದ ಗೇರಿನಲ್ಲೇ ಇಳಿಯಬೇಕು ಅಂತ ಹಿರಿಯರು ಹೇಳೋದು ಈ ಬಿಸಿಯಲ್ಲಿ ದೊಡ್ಡ ಪಾಲನ್ನು ಎಂಜಿನ್‌ಗೂ ಅಲ್ಲಿಂದ ರೇಡಿಯೇಟರ್‌ಗೂ ಸಾಗಿಸೋಕೆ.

250 ಡಿಗ್ರಿಯಲ್ಲಿ ಮೂರು ಅನಾಹುತ ಒಟ್ಟಿಗೆ ಕಾಯುತ್ತಿರುತ್ತವೆ. ಕಾಲಿಗೆ ಮೂರರ ಅನುಭವವೂ ಬೇರೆ ಬೇರೆ. ಡ್ರಮ್ ಹಿಗ್ಗುತ್ತದೆ. 25 ಸೆಂ.ಮೀ. ವ್ಯಾಸದ ಡ್ರಮ್ ಇಷ್ಟು ಬಿಸಿಗೆ ಮುಕ್ಕಾಲು ಮಿಲಿಮೀಟರಿನಷ್ಟು ದೊಡ್ಡದಾಗುತ್ತದೆ. ಒಳಗಿನಿಂದ ಡ್ರಮ್‌ಗೆ ಒತ್ತಿ ಚಕ್ರ ನಿಲ್ಲಿಸುವ ಶೂ ಅಷ್ಟು ಹೆಚ್ಚು ದೂರ ಹೋಗಬೇಕು, ಪೆಡಲ್ ಎರಡು-ಮೂರು ಸೆಂ.ಮೀ. ಹೆಚ್ಚು ಕೆಳಗಿಳಿಯುತ್ತದೆ. ಪೆಡಲ್ ಗಟ್ಟಿಯಾಗೇ ಇದ್ದು ಗಾಡಿ ಮಾತ್ರ ನಿಲ್ಲುತ್ತಿಲ್ಲ ಅಂದರೆ ಎರಡನೆಯದು, ಶೂ ಮೇಲಿನ ಉಜ್ಜುವ ಪಟ್ಟಿ, ಅಂದರೆ ಲೈನರ್ ಸೋತಿದೆ. ಡ್ರಮ್ ಬ್ರೇಕಿನಲ್ಲಿ ಮುಂಗಡೆಯ ಶೂವನ್ನು ಡ್ರಮ್ಮೇ ತನ್ನ ಕಡೆ ಎಳೆದುಕೊಂಡು ಒತ್ತಡ ಹೆಚ್ಚಿಸುತ್ತದೆ. ಕಾಲಿನ ಬಲ ಹೆಚ್ಚಿಸುವ ಬೂಸ್ಟರ್ ಇಲ್ಲದೆ ಕೆಲಸ ನಡೆಯೋದು ಈ ಗುಣದಿಂದ. ಆದರೆ ಘರ್ಷಣೆ ಸ್ವಲ್ಪ ಇಳಿದರೂ ಈ ಸಹಾಯವೂ ಇಳಿಯುತ್ತದೆ, ಹೊಡೆತ ದುಪ್ಪಟ್ಟಾಗುತ್ತದೆ.

ಮೂರನೆಯದು ಭಯ ಹುಟ್ಟಿಸೋದು: ಪೆಡಲ್ ಸ್ಪಂಜಿನ ಹಾಗೆ ಒಳಗೆ ಹೋಗಿಬಿಡುತ್ತದೆ. ಬ್ರೇಕ್ ಆಯಿಲ್ ಕುದಿದಿದೆ. ಹೊಸ ಡಾಟ್ 3 ದರ್ಜೆಯ ಬ್ರೇಕ್ ಆಯಿಲ್ ಕನಿಷ್ಠ 205 ಡಿಗ್ರಿವರೆಗೆ ಕುದಿಯಬಾರದು. ಅದು ಗಾಳಿಯ ತೇವ ಹೀರಿಕೊಂಡು 3.7% ನೀರಾಗುವಷ್ಟು ಹಳತಾದರೆ, ಮಿತಿ 140ಕ್ಕೆ ಬೀಳುತ್ತದೆ. ದ್ರವ ಕುಗ್ಗಲ್ಲ, ಆವಿ ಕುಗ್ಗುತ್ತದೆ. ನೀವು ಒತ್ತಿದ್ದೆಲ್ಲ ಗುಳ್ಳೆ ಕುಗ್ಗಿಸೋಕೇ ಖರ್ಚು. ಆಗ ಪೆಡಲನ್ನು ಪಟಪಟ ಪಂಪ್ ಮಾಡಿ, ಗೇರ್ ಇಳಿಸಿ, ಹ್ಯಾಂಡ್‌ಬ್ರೇಕನ್ನು ನಿಧಾನವಾಗಿ ಎಳೆಯಿರಿ. ಅದು ಕೇಬಲ್‌ನಲ್ಲಿ ಕೆಲಸ ಮಾಡುತ್ತದೆ, ಆಯಿಲ್‌ನ ಹಂಗಿಲ್ಲ. ನಿಂತ ಮೇಲೆ ಡ್ರಮ್‌ಗೆ ನೀರು ಎರಚಬೇಡಿ, ಎರಕದ ಕಬ್ಬಿಣ ಬಿರುಕು ಬಿಡಬಹುದು. ಹ್ಯಾಂಡ್‌ಬ್ರೇಕ್ ಎಳೆದೇ ಇಡಲೂ ಬೇಡಿ, ಡ್ರಮ್ ತಣ್ಣಗಾಗಿ ಕುಗ್ಗಿದಾಗ ಶೂ ಕಚ್ಚಿಕೊಳ್ಳುತ್ತದೆ. ಗೇರ್‌ನಲ್ಲಿ ಇಟ್ಟು ಚಕ್ರಕ್ಕೆ ಕಲ್ಲು ಕೊಡಿ.

ತಣ್ಣಗಿದ್ದಾಗಲೂ ಪೆಡಲ್ ಸ್ಪಂಜಿನಂತಿದ್ದರೆ ಲೈನಿನಲ್ಲಿ ಏರ್ ಇದೆ. ಕಾಲಿಟ್ಟು ಹಿಡಿದಾಗ ಮೆಲ್ಲಗೆ ಕೆಳಗಿಳಿಯುತ್ತಿದ್ದು, ಎಲ್ಲೂ ಸೋರಿಕೆ ಕಾಣದಿದ್ದರೆ, ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರಿನ ರಬ್ಬರ್ ಹೋಗಿದೆ. ಬ್ರೇಕ್ ಹಾಕಿದಾಗ ಗಾಡಿ ಎಡಕ್ಕೆ ಎಳೆದರೆ ಬಹಳ ಜನ ಎಡಗಡೆ ಚಕ್ರ ಬಿಚ್ಚುತ್ತಾರೆ. ಸಾಮಾನ್ಯವಾಗಿ ಎಡಗಡೆಯದು ಸರಿಯಾಗೇ ಹಿಡಿಯುತ್ತಿರುತ್ತದೆ. ಬಲಗಡೆ ಚಕ್ರದಲ್ಲಿ ಶೂ ತಳ್ಳುವ ವೀಲ್ ಸಿಲಿಂಡರ್ ಸೋರಿ ಲೈನರ್ ನೆನೆದಿದೆಯಾ ಅಂತ ಮೊದಲು ನೋಡಿ.

ಒಂದು ಚಕ್ರ ಬ್ರೇಕ್ ಬಿಟ್ಟ ಮೇಲೂ ಹಿಡಿದುಕೊಂಡೇ ಇದ್ದರೆ ಒಂದು ಸೊಗಸಾದ ಪರೀಕ್ಷೆ ಇದೆ. ಜಾಕ್ ಕೊಟ್ಟು, ಕೆಳಗೆ ಸ್ಟ್ಯಾಂಡ್ ಇಟ್ಟು, ಆ ಚಕ್ರದ ಬ್ಲೀಡ್ ನಿಪ್ಪಲ್ (ಲೈನಿನಿಂದ ಏರ್ ತೆಗೆಯುವ ಸಣ್ಣ ತಿರುಪು) ಸ್ವಲ್ಪ ಸಡಿಲಿಸಿ. ಆಯಿಲ್ ಚಿಮ್ಮಿ ಚಕ್ರ ಸಲೀಸಾಗಿ ತಿರುಗಿದರೆ ಒತ್ತಡ ಒಳಗೆ ಸಿಕ್ಕಿಕೊಂಡಿತ್ತು ಅಂತ. ಆ ಒಂದೇ ಚಕ್ರಕ್ಕೆ ಹೀಗಾಗುತ್ತಿದ್ದರೆ ಹೊರಗಡೆ ಚೆನ್ನಾಗಿ ಕಾಣುವ ರಬ್ಬರ್ ಹೋಸ್ ಒಳಗೆ ಉಬ್ಬಿರುತ್ತದೆ. ಕಾಲಿನ ಬಲ ಆಯಿಲನ್ನು ಒಳಗೆ ತಳ್ಳುತ್ತದೆ, ವಾಪಸ್ ತರೋಕೆ ಶೂ ಸ್ಪ್ರಿಂಗಿನ ಬಲ ಸಾಲದು. ನಿಪ್ಪಲ್ ಸಡಿಲಿಸಿದರೂ ಚಕ್ರ ಬಿಡದಿದ್ದರೆ ತುಕ್ಕು ಹಿಡಿದ ಪಿಸ್ಟನ್, ಮುರಿದ ಸ್ಪ್ರಿಂಗ್ ಅಥವಾ ಹ್ಯಾಂಡ್‌ಬ್ರೇಕ್ ಕೇಬಲ್ ಹುಡುಕಿ. ಪರೀಕ್ಷೆ ಮುಗಿದ ಮೇಲೆ ಏರ್ ತೆಗೆಯೋದು ಮರೆಯಬೇಡಿ.

ಡ್ರಮ್ ಬಿಚ್ಚಿದಾಗ ಒಳಗಿನ ಕಪ್ಪು ಪುಡಿಯನ್ನು ಏರ್ ಹೊಡೆದು ಹಾರಿಸೋದು ನಮ್ಮ ಗ್ಯಾರೇಜುಗಳಲ್ಲಿ ಮಾಮೂಲು. ಹಳೆ ಲೈನರುಗಳಲ್ಲಿ ಬಿಸಿ ತಡೆಯೋಕೆ ಅಂತ ಕಲ್ನಾರು (ಆಸ್ಬೆಸ್ಟಾಸ್) ಸೇರಿಸುತ್ತಿದ್ದರು, ಅದರ ಎಳೆ ಶ್ವಾಸಕೋಶಕ್ಕೆ ಹೋದರೆ ಕ್ಯಾನ್ಸರ್ ತರಬಲ್ಲದು. ನೀರು ಸಿಂಪಡಿಸಿ, ಪುಡಿಯನ್ನು ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಕವರಿನಲ್ಲಿ ಬಿಗಿಯಾಗಿ ಕಟ್ಟಿ ಎಸೆಯಿರಿ. ಕೆಲಸ ಮಾಡುವ ಹುಡುಗರಿಗೂ ಇದನ್ನು ಹೇಳಿಕೊಡಿ.